ಕೊಜುಮೆಲ್‌ನಲ್ಲಿ ಒಂದು ಹಗಲು: ಟುಲುಮ್, ದೋಣಿ, ಇಲ್ಲಾ ಟ್ಯಾಕ್ಸಿ?

ಮೆಕ್ಸಿಕೊದ ಕೊಜುಮೆಲ್ ದ್ವೀಪದಲ್ಲಿ ಕ್ರೂಸ್ ಹಡಗು ನಿಂತರೆ ನಾನು ಟ್ಯಾಕ್ಸಿಯನ್ನೇ ಹಿಡಿಯುವುದು. ಬಂದರಿನ ಹೊರಗೆ ಒಂದು ವ್ಯಾನ್ ಮಾತಾಡಿಕೊಂಡು ಸಾನ್ ಹೆರ್ವಾಸಿಯೊದಲ್ಲಿ ಅಲ್ಲಿನ ಮೂಲನಿವಾಸಿ ಮಾಯಾ ಜನ ಕಟ್ಟಿದ ಹಳೆಯ ಗುಡಿಗಳನ್ನು ನೋಡುವುದು, ದ್ವೀಪದ ಆಚೆ ದಡದಲ್ಲಿ ಊಟ ಮಾಡುವುದು, ನಿಧಾನಕ್ಕೆ ವಾಪಸ್ ಬರುವುದು. ಇಷ್ಟು ಗೊತ್ತಾಗಲು ನನಗೆ ಮೂರು ಪ್ರಯಾಣ ಬೇಕಾಯಿತು. ಮೊದಲ ಸಲ ದುಡ್ಡು ಜಾಸ್ತಿ ಹೋಯಿತು. ಎರಡನೇ ಸಲ ಹಡಗೇ ತಪ್ಪಿಹೋಗುವುದಿತ್ತು. ಮೂರನೇ ಸಲ ಊರಿಂದ ಬಂದಿದ್ದ ಅಪ್ಪ-ಅಮ್ಮನ ಜೊತೆ ಹೋದೆವು. ಆ ದಿನ ಮಾತ್ರ ಎಲ್ಲವೂ ಸರಿಹೋಯಿತು.

ನಾವಿರುವುದು ಫ್ಲಾರಿಡಾದ ಟ್ಯಾಂಪಾದಲ್ಲಿ. ಇಲ್ಲಿಂದ ನಾಲ್ಕೈದು ರಾತ್ರಿಯ ಕ್ರೂಸ್ ಹತ್ತಿದರೆ ಬಹಳ ಸಲ ಕೊಜುಮೆಲ್ ಇದ್ದೇ ಇರುತ್ತದೆ. ಬೆಳಿಗ್ಗೆ ಎಂಟಕ್ಕೆ ಹಡಗು ಕಟ್ಟುತ್ತಾರೆ, ಸಂಜೆ ಐದಕ್ಕೆ ಬಿಡುತ್ತಾರೆ, ನಾಲ್ಕೂವರೆಗೆಲ್ಲಾ ಒಳಗಿರಬೇಕು. ಇಳಿಯುವ, ಹತ್ತುವ ಸಾಲನ್ನು ಕಳೆದರೆ ಕೈಗೆ ಸಿಗುವುದು ಏಳು, ಏಳೂವರೆ ಗಂಟೆ, ಅಷ್ಟೇ.

ಮೊದಲು ಟುಲುಮ್ ವಿಷಯ. ಡಿಸೆಂಬರ್‌ನಲ್ಲಿ ನಾನು, ನನ್ನ ಗಂಡ ಇಬ್ಬರೇ ಹೋಗಿದ್ದೆವು. ಹಡಗಿನವರ ಟೂರನ್ನೇ ತಗೊಂಡೆವು, ಒಬ್ಬರಿಗೆ 135 ಡಾಲರ್. ಸಮುದ್ರದ ಅಂಚಿನ ಬಂಡೆಯ ಮೇಲೆ ನಿಂತ ಮಾಯಾ ಕೋಟೆ ಊರು ಅದು. ಆ ಫೋಟೋ ನೋಡಿದವರಿಗೆ ಹೋಗಬೇಕು ಅಂತ ಅನ್ನಿಸದೇ ಇರದು. ಆದರೆ ಟುಲುಮ್ ಇರುವುದು ದ್ವೀಪದಲ್ಲಲ್ಲ, ಎದುರಿನ ನೆಲದಲ್ಲಿ. ಕೊಜುಮೆಲ್‌ನಿಂದ ಪ್ಲಾಯಾ ದೆಲ್ ಕಾರ್ಮೆನ್‌ಗೆ ಮುಕ್ಕಾಲು ಗಂಟೆ ಫೆರ್ರಿ, ಅಲ್ಲಿಂದ ಒಂದು ಗಂಟೆ ಬಸ್ಸು. ಬರುವಾಗ ಮತ್ತೆ ಅದೇ. ಚಳಿಗಾಲದಲ್ಲಿ ಅಲ್ಲಿ ಉತ್ತರದ ಗಾಳಿ ಬೀಸಿದರೆ ದ್ವೀಪಕ್ಕೂ ಎದುರಿನ ನೆಲಕ್ಕೂ ನಡುವಿನ ಸಮುದ್ರ ಕುದಿಯುವ ಹಾಗೆ ಆಗುತ್ತದೆ. ನಾವು ಹೋದ ದಿನವೂ ಹಾಗೇ ಇತ್ತು. ಫೆರ್ರಿ ಬಿಟ್ಟು ಹತ್ತು ನಿಮಿಷಕ್ಕೆ ಒಬ್ಬ ಹುಡುಗ ಕಾಗದದ ಚೀಲ ಹಂಚುತ್ತಾ ಬಂದ. ನನಗೆ ಎರಡು ಬೇಕಾದವು.

ಒಟ್ಟು ಏಳೂವರೆ ಗಂಟೆಯ ಟೂರಿನಲ್ಲಿ ಕೋಟೆಯೊಳಗೆ ಇದ್ದದ್ದು ಒಂದೂಕಾಲು ಗಂಟೆ. ಅದರಲ್ಲೂ ಅರ್ಧ ಹೊತ್ತು ಗೈಡ್ ಸುತ್ತ ನಿಂತು ಕೇಳುವುದೇ ಆಯಿತು. ಎಲ್ ಕಾಸ್ತಿಯೊ ಅನ್ನುವ ದೊಡ್ಡ ಕಟ್ಟಡವನ್ನು ಹತ್ತಲು ಬಿಡುವುದಿಲ್ಲ, ದೂರದಿಂದ ನೋಡಬೇಕು. ತಲೆ ಮೇಲೆ ನೆರಳು ಅನ್ನುವುದೇ ಇಲ್ಲ. ಬರುವ ದಾರಿಯಲ್ಲಿ ಬಸ್ಸನ್ನು ಒಂದು ಬೆಳ್ಳಿ ಒಡವೆ ಅಂಗಡಿ ಮುಂದೆ ಅರ್ಧ ಗಂಟೆ ನಿಲ್ಲಿಸಿದರು. ಆ ಅರ್ಧ ಗಂಟೆ ನಮಗೆ ಕೋಟೆಯಲ್ಲಿ ಬೇಕಿತ್ತು. ಟುಲುಮ್ ನೋಡಲೇಬೇಕಾದ ಜಾಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎದುರಿನ ನೆಲದಲ್ಲೇ ಇರುವ ಕಾನ್‌ಕೂನ್ ಊರಿಗೆ ವಿಮಾನದಲ್ಲಿ ಹೋಗಿ ಎರಡು ದಿನ ಉಳಿದು ನೋಡಿ. ಹಡಗು ಕಾಯುತ್ತಿರುವಾಗ ಬೇಡ.

ಆ ಟೂರಿನಲ್ಲಿ ಒಂದು ಒಳ್ಳೆಯದಿದೆ. ಹಡಗಿನವರೇ ಮಾರಿದ ಟೂರು ತಡವಾದರೆ ಹಡಗು ಕಾಯುತ್ತದೆ. ನಾವೇ ಹೊರಗೆ ಬುಕ್ ಮಾಡಿಕೊಂಡು ತಡ ಮಾಡಿದರೆ ಕಾಯುವುದಿಲ್ಲ. ಈ ಮಾತು ಎಷ್ಟು ತೂಕದ್ದು ಅಂತ ಎರಡನೇ ಸಲ ಗೊತ್ತಾಯಿತು.

ಅದು ಜುಲೈ. ಆಗ ಆರು ವರ್ಷದ ಮಗಳು ಜೊತೆಗಿದ್ದಳು. ಈ ಸಲ ಎಲ್ ಸಿಯೆಲೊಗೆ ದೋಣಿ ಅಂತ ತೀರ್ಮಾನ ಮಾಡಿದೆವು. ದ್ವೀಪದ ನೈಋತ್ಯಕ್ಕೆ, ಪಲಾಂಕಾರ್ ಹವಳದ ದಿಬ್ಬಗಳ ಹತ್ತಿರ, ಸಮುದ್ರದ ನಡುವೆ ಬಿಳಿ ಮರಳಿನ ಒಂದು ಜಾಗ. ಮರಳ ಮೇಲೆ ದೊಡ್ಡ ದೊಡ್ಡ ನಕ್ಷತ್ರ ಮೀನುಗಳು ಮಲಗಿರುತ್ತವೆ. ರಸ್ತೆ ಇಲ್ಲ, ದೋಣಿಯಲ್ಲೇ ಹೋಗಬೇಕು. ಹಡಗಿನವರ ದರ ಜಾಸ್ತಿ ಅನ್ನಿಸಿ ಹೊರಗಿನ ಒಬ್ಬರ ಹತ್ತಿರ ತಲೆಗೆ 65 ಡಾಲರ್‌ನಂತೆ ಬುಕ್ ಮಾಡಿದೆವು. ಹನ್ನೊಂದು ಗಂಟೆಗೆ ದೋಣಿ ಅಂತ ಇಮೇಲ್ ಬಂತು.

ತೊಡಕು ಶುರುವಾದದ್ದು ಇಲ್ಲೇ. ಹೋಗುವವರು ಇದೊಂದನ್ನು ದಯವಿಟ್ಟು ಗಮನ ಇಟ್ಟು ಓದಿ.

ಕೊಜುಮೆಲ್ ಇರುವ ಕಿಂಟಾನಾ ರೋ ರಾಜ್ಯದವರು 2015ರ ಫೆಬ್ರವರಿಯಲ್ಲಿ ತಮ್ಮ ಗಡಿಯಾರ ಬದಲಿಸಿಕೊಂಡರು. ಪ್ರವಾಸಿಗಳಿಗೆ ಸಂಜೆ ಬೆಳಕು ಜಾಸ್ತಿ ಸಿಗಲಿ ಅಂತ. ಅಂದಿನಿಂದ ಅಲ್ಲಿ ವರ್ಷಪೂರ್ತಿ ಒಂದೇ ಸಮಯ. ಅದು ಫ್ಲಾರಿಡಾದ ಚಳಿಗಾಲದ ಸಮಯ. ಬೇಸಿಗೆಗೆ ಫ್ಲಾರಿಡಾ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ, ಕೊಜುಮೆಲ್ ತಿರುಗಿಸುವುದಿಲ್ಲ. ಹಾಗಾಗಿ ಡಿಸೆಂಬರ್‌ನಲ್ಲಿ ನಮ್ಮ ಹಡಗಿನ ಸಮಯ, ದ್ವೀಪದ ಸಮಯ ಎರಡೂ ಒಂದೇ. ಜುಲೈನಲ್ಲಿ ದ್ವೀಪ ಒಂದು ಗಂಟೆ ಹಿಂದೆ. ನಾವು ಹತ್ತಿದ ಹಡಗು ಟ್ಯಾಂಪಾ ಸಮಯವನ್ನೇ ಇಟ್ಟುಕೊಂಡಿತ್ತು. ಮೊದಲ ಸಲ ಏನೂ ತೊಂದರೆ ಆಗಿರಲಿಲ್ಲ, ಹಾಗಾಗಿ ಎರಡನೇ ಸಲ ಈ ಯೋಚನೆಯೇ ನಮಗೆ ಬರಲಿಲ್ಲ.

ಹಡಗಿನ ಸಮಯದ ಪ್ರಕಾರ ಹತ್ತೂಮುಕ್ಕಾಲಿಗೆ ದೋಣಿ ಕಟ್ಟೆಗೆ ಹೋದೆವು. ಯಾರೂ ಇಲ್ಲ. ಹನ್ನೊಂದಾಯಿತು, ಹನ್ನೊಂದೂಕಾಲಾಯಿತು. ಮಗಳು ಬಿಸಿಲಿಗೆ ಕೆಂಪಾಗಿ ಕೂತಿದ್ದಳು. ಕೊನೆಗೆ ನನ್ನ ಗಂಡ ಫೋನಿನ ರೋಮಿಂಗ್ ಆನ್ ಮಾಡಿ ಅವರಿಗೆ ವಾಟ್ಸಾಪ್ ಮಾಡಿದರು. 'ಹನ್ನೊಂದು ಅಂದರೆ ಕೊಜುಮೆಲ್ ಹನ್ನೊಂದು' ಅಂತ ಉತ್ತರ ಬಂತು. ಅಂದರೆ ಹಡಗಿನ ಲೆಕ್ಕದಲ್ಲಿ ಹನ್ನೆರಡು. ಅದೇ ಹೊತ್ತಿಗೆ ಫೋನು ಅಲ್ಲಿನ ಟವರ್ ಹಿಡಿದು ತಾನೇ ಒಂದು ಗಂಟೆ ಹಿಂದಕ್ಕೆ ಹೋಯಿತು. ಅದನ್ನು ನಾವಿಬ್ಬರೂ ಗಮನಿಸಲಿಲ್ಲ.

ದೋಣಿ ಇನ್ನೊಂದು ಗುಂಪಿಗೆ ಕಾದು ಇಪ್ಪತ್ತು ನಿಮಿಷ ತಡವಾಗಿ ಬಿಟ್ಟಿತು. ಮೂರೂವರೆ ಗಂಟೆಯ ಟೂರು. ಎಲ್ ಸಿಯೆಲೊ ತಲುಪಿದಾಗ ಮಾತ್ರ ನಾವು ಪಟ್ಟ ಪಾಡೆಲ್ಲ ಮರೆತುಹೋಯಿತು. ಸೊಂಟದ ಮಟ್ಟದ ನೀರು, ಕೆಳಗೆ ಮರಳಿನ ಒಂದೊಂದು ಗೆರೆಯೂ ಕಾಣುತ್ತಿತ್ತು. ಮಗಳು ಮುಖಕ್ಕೆ ಕನ್ನಡಕ ಹಾಕಿಕೊಂಡು ನೀರೊಳಗೆ ತಲೆ ಇಟ್ಟವಳು 'ಅಮ್ಮಾ, ನಕ್ಷತ್ರ!' ಅಂತ ಕೂಗಿದ್ದು ನೀರಿನಡಿಯಿಂದಲೇ ಗುಳುಗುಳು ಅಂತ ಕೇಳಿಸಿತು. ಅವನ್ನು ನೀರಿನಿಂದ ಮೇಲೆತ್ತಬಾರದು, ಎತ್ತಿದರೆ ಸಾಯುತ್ತವೆ ಅಂತ ದೋಣಿಯವನು ಮೂರು ಮೂರು ಸಲ ಹೇಳಿದ. ಇಲ್ಲಿನ ಹವಳಕ್ಕೆ ರೋಗ ಬಂದು 2019ರಲ್ಲಿ ಈ ಜಾಗವನ್ನೇ ಪ್ರವಾಸಿಗಳಿಗೆ ಮುಚ್ಚಿದ್ದರು. ಅಷ್ಟು ನಾಜೂಕಿನ ನೀರು ಅದು. ಮಾಮೂಲಿ ಸನ್‌ಸ್ಕ್ರೀನ್ ಹಚ್ಚಿಕೊಂಡು ಇಳಿಯಬೇಡಿ, ತೋಳಿರುವ ಈಜು ಅಂಗಿ ಹಾಕಿಕೊಳ್ಳಿ.

ನೀರಿನಲ್ಲಿ ನಿಂತಿದ್ದಾಗ ಪಕ್ಕದ ಒಬ್ಬ ಹೆಂಗಸು ನನ್ನ ಕೊರಳಲ್ಲಿದ್ದ ಹಡಗಿನ ಕಾರ್ಡ್ ನೋಡಿದರು. 'ನೀವೂ ಅದೇ ಹಡಗಾ? ನಮ್ಮ ಹಡಗಿನಲ್ಲಿ ಈಗ ಮೂರಾಗಿದೆ, ಗೊತ್ತು ತಾನೇ?' ಅಂದರು. ನನ್ನ ಗಂಡನ ಫೋನಿನಲ್ಲಿ ಎರಡು ಅಂತಿತ್ತು. ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯಿತು. ನಮ್ಮ ಪಾಸ್‌ಪೋರ್ಟ್‌ಗಳು ಹಡಗಿನ ರೂಮಿನ ಲಾಕರ್‌ನಲ್ಲಿ. ನಮ್ಮ ಅಮೆರಿಕದ ವೀಸಾ ಇರುವುದು ಅದೇ ಪಾಸ್‌ಪೋರ್ಟ್‌ನಲ್ಲಿ. ಹಡಗು ಹೋದರೆ ಒದ್ದೆ ಬಟ್ಟೆಯಲ್ಲಿ, ಒಂದು ಮಗು ಇಟ್ಟುಕೊಂಡು, ಕಾಗದ ಇಲ್ಲದೆ ಮೆಕ್ಸಿಕೊದಲ್ಲಿ ನಿಂತಿರುತ್ತಿದ್ದೆವು. ಆಮೇಲೆ ಆ ನೀರನ್ನು ನಾನು ನೋಡಲೇ ಇಲ್ಲ. ದೋಣಿ ಕಟ್ಟೆಗೆ ಬಂದಾಗ ಹಡಗಿನ ಸಮಯ ಮೂರು ಐವತ್ತು. ಸಿಕ್ಕ ಮೊದಲ ಟ್ಯಾಕ್ಸಿ ಹತ್ತಿದೆವು. ಬಂದರಿನ ಉದ್ದದ ಕಟ್ಟೆಯ ಮೇಲೆ ಮಗಳನ್ನು ಎತ್ತಿಕೊಂಡು ಓಡಿದ್ದೇ ಓಡಿದ್ದು. ಹಡಗಿನ ಬಾಗಿಲಲ್ಲಿ ಕಾರ್ಡ್ ತೋರಿಸಿದಾಗ ನಾಲ್ಕು ಇಪ್ಪತ್ತೆರಡು.

ಟೆಕ್ಸಾಸ್‌ನ ಹ್ಯೂಸ್ಟನ್, ಡಲ್ಲಾಸ್ ಕಡೆಯವರು ಅಲ್ಲಿನ ಗಾಲ್ವೆಸ್ಟನ್ ಬಂದರಿನಿಂದ ಹತ್ತುತ್ತೀರಲ್ವಾ, ನಿಮಗೆ ಲೆಕ್ಕ ತಿರುಗುಮುರುಗು. ಬೇಸಿಗೆಯಲ್ಲಿ ನಿಮ್ಮ ಊರಿನ ಸಮಯವೂ ಕೊಜುಮೆಲ್ ಸಮಯವೂ ಒಂದೇ. ಚಳಿಗಾಲದಲ್ಲಿ ಕೊಜುಮೆಲ್ ಒಂದು ಗಂಟೆ ಮುಂದೆ. ನಿಮ್ಮ ಊರಿನ ಸಮಯವನ್ನೇ ನಂಬಿಕೊಂಡರೆ ಹಡಗು ಸಿಗುತ್ತದೆ, ಬುಕ್ ಮಾಡಿದ ಟೂರು ತಪ್ಪುತ್ತದೆ. ಕೆಲವು ಹಡಗುಗಳು ತಮ್ಮ ಗಡಿಯಾರವನ್ನೇ ದ್ವೀಪದ ಸಮಯಕ್ಕೆ ತಿರುಗಿಸಿಕೊಳ್ಳುವುದೂ ಉಂಟು. ಇಳಿಯುವ ಬಾಗಿಲ ಹತ್ತಿರ ಹಡಗಿನ ಸಮಯ ಬರೆದಿರುತ್ತಾರೆ. ಅದನ್ನು ನೋಡಿ, ಟವರ್ ಹಿಡಿದು ಬದಲಾಗದ ಒಂದು ಕೈಗಡಿಯಾರಕ್ಕೆ ಅದೇ ಸಮಯ ಇಟ್ಟುಕೊಂಡು ಇಳಿಯಿರಿ.

ಮೂರನೇ ಸಲ ಏಪ್ರಿಲ್‌ನಲ್ಲಿ ಹೋದೆವು. ಚನ್ನಪಟ್ಟಣದಿಂದ ಅಪ್ಪ-ಅಮ್ಮ ಬಂದಿದ್ದರು. ಅಪ್ಪನಿಗೆ ಎಪ್ಪತ್ತೊಂದು, ಮಂಡಿ ನೋವು. ಇಬ್ಬರಿಗೂ ಈಜು ಬರುವುದಿಲ್ಲ. ಅವರಿಗೆ ಮೆಕ್ಸಿಕೊ ವೀಸಾ ಬೇರೆ ಬೇಕಾಗಲಿಲ್ಲ, ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಸಾಕಾಯಿತು. ಅಪ್ಪನ ಕೈಯಲ್ಲಿ ಅವರ ಹಳೆಯ ಎಚ್‌ಎಂಟಿ ವಾಚ್ ಇತ್ತು, ದಿನಾ ಬೆಳಿಗ್ಗೆ ಕೀ ಕೊಡುವಂಥದ್ದು. ಹಡಗಿನ ಬಾಗಿಲಲ್ಲಿ ನಿಂತು ಅದಕ್ಕೆ ಹಡಗಿನ ಸಮಯ ಇಟ್ಟೆವು. ಆ ದಿನ ಯಾರೂ ಫೋನ್ ನೋಡಿ ಗಂಟೆ ಹೇಳಲಿಲ್ಲ.

ಕೊಜುಮೆಲ್ ಟ್ಯಾಕ್ಸಿಗೆ ಮೀಟರ್ ಇಲ್ಲ. ಎಲ್ಲಿಗೆ ಎಷ್ಟು ಅಂತ ಬಂದರಿನಲ್ಲಿ ದರದ ಹಲಗೆ ಇದೆ, ಅದನ್ನು ಮೊದಲು ಓದಿಕೊಳ್ಳಿ. ನಾವು ಐದು ಜನಕ್ಕೆ ಒಂದು ವ್ಯಾನ್, ನಾಲ್ಕೂವರೆ ಗಂಟೆಗೆ 140 ಡಾಲರ್ ಅಂತ ಮಾತಾಡಿಕೊಂಡೆವು. ತಲೆಗಲ್ಲ, ಇಡೀ ಗಾಡಿಗೆ, ಕಾಯುವುದೂ ಸೇರಿ ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ದುಡ್ಡು ಕೊಟ್ಟದ್ದು ವಾಪಸ್ ಬಂದ ಮೇಲೆ. ಇದೇ ಐದು ಜನ ಟುಲುಮ್‌ಗೆ ಹೋಗಿದ್ದರೆ 600 ಡಾಲರ್ ದಾಟುತ್ತಿತ್ತು.

ಸಾನ್ ಹೆರ್ವಾಸಿಯೊ ದ್ವೀಪದ ನಡುವಿನ ಕಾಡಿನಲ್ಲಿದೆ, ಬಂದರಿನಿಂದ ಅರ್ಧ ಗಂಟೆಯೂ ಆಗಲಿಲ್ಲ. ಕಟ್ಟಡಗಳು ಚಿಕ್ಕವು, ಟುಲುಮ್‌ನ ಗತ್ತು ಇಲ್ಲ. ಆದರೆ ನೆಲ ಸಮತಟ್ಟು, ದಾರಿಯುದ್ದಕ್ಕೂ ಮರದ ನೆರಳು. ಅಪ್ಪ ಎಲ್ಲಿ ಬೇಕೋ ಅಲ್ಲಿ ಕೂತು ಎದ್ದು ನಡೆದರು. ಕಲ್ಲಿಗೊಂದು ಅನ್ನುವ ಹಾಗೆ ಇಗ್ವಾನಾಗಳು ಬಿಸಿಲು ಕಾಯುತ್ತಿದ್ದವು. ಮಗಳು ಎಣಿಸುತ್ತಾ ಹೋಗಿ ನಲವತ್ತಕ್ಕೆ ನಿಲ್ಲಿಸಿದಳು. ಸೊಳ್ಳೆ ಮಾತ್ರ ವಿಪರೀತ, ಹಚ್ಚಿಕೊಳ್ಳಲು ಏನಾದರೂ ಒಯ್ಯಿರಿ.

ಇದು ಇಶ್ಚೆಲ್ ಅನ್ನುವ ದೇವಿಯ ಸ್ಥಳ. ಮಕ್ಕಳ ಫಲಕ್ಕೆ, ಹೆರಿಗೆಗೆ ಮಾಯಾ ಜನ ನಂಬಿದ ದೇವಿ. ಎದುರಿನ ನೆಲದಿಂದ ಹೆಂಗಸರು ತೋಡುದೋಣಿಯಲ್ಲಿ ಸಮುದ್ರ ದಾಟಿ ಇಲ್ಲಿಗೆ ಹರಕೆಗೆ ಬರುತ್ತಿದ್ದರಂತೆ. ನಾನು ಫೆರ್ರಿಯಲ್ಲಿ ಎರಡು ಚೀಲ ತುಂಬಿಸಿದ ಅದೇ ಸಮುದ್ರ. ಲಾಸ್ ಮಾನಿತಾಸ್ ಅನ್ನುವ ಪುಟ್ಟ ಗುಡಿಯಿದೆ, ಅಂದರೆ ಪುಟ್ಟ ಕೈಗಳು. ಒಳಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒತ್ತಿದ ಅಂಗೈ ಗುರುತುಗಳು, ಈಗ ಮಾಸಿವೆ. ಸ್ವಲ್ಪ ಹೊತ್ತು ಕಣ್ಣಿಟ್ಟು ನೋಡಿದರೆ ಬೆರಳುಗಳು ಒಂದೊಂದಾಗಿ ಕಾಣುತ್ತವೆ. ಅಮ್ಮ ಮುಟ್ಟಲಿಲ್ಲ. ತನ್ನ ಅಂಗೈಯನ್ನು ಅದರ ನೇರಕ್ಕೆ ಗಾಳಿಯಲ್ಲಿ ಹಿಡಿದು ಅಳತೆ ನೋಡಿದರು. 'ನನ್ನ ಕೈಗಿಂತ ಚಿಕ್ಕದು ಕಣೇ' ಅಂದರು. ಆಮೇಲೆ ದೊಡ್ಡಮಳೂರಿನ ನೆನಪು ತೆಗೆದರು. ನಮ್ಮೂರ ಪಕ್ಕದ ಆ ದೇವಸ್ಥಾನದಲ್ಲಿ ಅಂಬೆಗಾಲು ಕೃಷ್ಣನಿಗೆ ಮಕ್ಕಳಿಲ್ಲದವರು ತೊಟ್ಟಿಲ ಹರಕೆ ಹೊರುತ್ತಾರೆ. ನಾನು ಹುಟ್ಟುವ ಮುಂಚೆ ಅಮ್ಮನೂ ಹೊತ್ತಿದ್ದರಂತೆ. ಅದನ್ನು ನನಗೆ ಹೇಳಿದ್ದು ಅವತ್ತೇ, ಆ ಗೋಡೆಯ ಮುಂದೆ.

ಅಲ್ಲಿಂದ ಪೂರ್ವದ ದಡ. ಹೋಟೆಲುಗಳ ಸಾಲು ಇಲ್ಲ, ಕರೆಂಟ್ ಲೈನ್ ಇಲ್ಲ. ಅಲ್ಲೊಂದು ಇಲ್ಲೊಂದು ಜನರೇಟರ್ ಇಟ್ಟುಕೊಂಡ ಊಟದ ಗುಡಿಸಲು. ಅಲೆ ಜೋರು, ಈಜುವ ಜಾಗವಲ್ಲ. ಬೇಸಿಗೆಯಲ್ಲಿ ಸರ್ಗಾಸಮ್ ಪಾಚಿ ಬಂದು ಬಿದ್ದು ವಾಸನೆ ಹೊಡೆಯುವುದೂ ಉಂಟು. ನಾವು ಹೋದ ದಿನ ಅಷ್ಟು ಇರಲಿಲ್ಲ. ಸಸ್ಯಾಹಾರಿಗಳು ಊಟ ಹೇಳುವಾಗ 'ಸಿನ್ ಕಾರ್ನೆ', ಅಂದರೆ ಮಾಂಸ ಬೇಡ, ಅಂತಷ್ಟೇ ಹೇಳಿದರೆ ಸಾಲದು. 'ಸಿನ್ ಪೋಯೋ, ಸಿನ್ ಪೆಸ್ಕಾದೊ, ಸಿನ್ ಮಾಂತೇಕಾ' ಅಂತಲೂ ಹೇಳಿ. ಪೋಯೋ ಅಂದರೆ ಕೋಳಿ, ಪೆಸ್ಕಾದೊ ಅಂದರೆ ಮೀನು. ಮಾಂತೇಕಾ ಅಂದರೆ ಹಂದಿ ಕೊಬ್ಬು, ಬೀನ್ಸ್ ಕಾಳಿನ ಪಲ್ಯಕ್ಕೆ ಅದನ್ನು ಹಾಕುವುದು ಅಲ್ಲಿ ಮಾಮೂಲು. ಅಮ್ಮ ಮೆಕ್ಕೆಜೋಳದ ರೊಟ್ಟಿಯಲ್ಲಿ ಚೀಸ್ ಇಟ್ಟು ಬೇಯಿಸಿದ್ದನ್ನು ಎರಡು ತಿಂದರು. ಅಪ್ಪನಿಗೆ ಎಳನೀರು ಸಿಕ್ಕಿತು. ಗಂಜಿಗೆ ನಿಂಬೆಹುಳಿ, ಖಾರದಪುಡಿ ಉದುರಿಸಿ ಕೊಟ್ಟರು. ತೆಂಗು ಬೆಳೆಯುವವರು ಅಪ್ಪ, ಇಷ್ಟು ವರ್ಷ ಇದು ನಮಗೆ ಯಾಕೆ ಹೊಳೆಯಲಿಲ್ಲ ಅಂತ ವಾಪಸ್ ಬರುವವರೆಗೂ ಅದೇ ಮಾತು.

ಊಟ, ಈಜುಕೊಳ ಎಲ್ಲ ಸೇರಿದ ಬೀಚ್ ಕ್ಲಬ್ ಪಾಸ್ ಕೂಡ ಸಿಗುತ್ತದೆ. ಕುಡಿಯದ, ಮಾಂಸ ತಿನ್ನದ ನಮ್ಮಂಥವರಿಗೆ ಆ ದುಡ್ಡು ಹುಟ್ಟುವುದಿಲ್ಲ.

ನಮ್ಮ ಆಯ್ಕೆ ಎಲ್ಲರಿಗೂ ಹೊಂದುತ್ತದೆ ಅಂತ ಹೇಳಲಾರೆ. ನಮ್ಮದು ವಯಸ್ಸಾದವರು, ಮಗು ಇರುವ ಸಂಸಾರ. ಐದು ಜನಕ್ಕೆ 300 ಡಾಲರ್ ದಾಟಬಾರದು ಅಂತ ಮೊದಲೇ ಇಟ್ಟುಕೊಂಡಿದ್ದೆವು. ಟ್ಯಾಕ್ಸಿ, ಪ್ರವೇಶ, ಊಟ ಎಲ್ಲ ಸೇರಿ ಅದರೊಳಗೇ ಮುಗಿಯಿತು. ಬಂದರಿಗೆ ವಾಪಸ್ ಬಂದಾಗ ಅಪ್ಪನ ವಾಚಿನಲ್ಲಿ ಎರಡು ಮುಕ್ಕಾಲು. ಅಮ್ಮ ಆರಾಮಾಗಿ ಮೊಮ್ಮಗಳ ಕೈ ಹಿಡಿದುಕೊಂಡು ಆ ಉದ್ದದ ಕಟ್ಟೆಯ ಮೇಲೆ ನಡೆದರು.

ಆಗಸ್ಟ್‌ನಲ್ಲಿ ನನ್ನ ತಂಗಿ, ಅವಳ ಗಂಡ ಅದೇ ದಾರಿಯಲ್ಲಿ ಹೋಗುವವರಿದ್ದಾರೆ. ಇಬ್ಬರೂ ಚೆನ್ನಾಗಿ ಈಜುತ್ತಾರೆ. ಅವರಿಗೆ ನಾನು ದೋಣಿಯನ್ನೇ ಹೇಳಿದ್ದೇನೆ, ಆದರೆ ಬೆಳಗಿನ ಮೊದಲ ದೋಣಿ, ಹಡಗಿನವರ ಹತ್ತಿರವೇ ತಗೊಳ್ಳಿ ಅಂತ. ತಲೆಗೆ ಮೂವತ್ತು ಡಾಲರ್ ಜಾಸ್ತಿಯಾಗುತ್ತದೆ, ಆಗಲಿ. ಕೀ ಕೊಡುವ ವಾಚ್ ಅವಳ ಹತ್ತಿರ ಇಲ್ಲ, ಒಂದು ಸಾದಾ ವಾಚ್ ನಾನೇ ಕೊಂಡು ಕಳಿಸಿದ್ದೇನೆ.