ಮೂರು ಸೋರೆ ಬೀಜ, ಒಂದೇ ಹಿತ್ತಲು: ಅತ್ತೆಯ ಬುರುಡೆ, ಅರ್ಕಾ ಬಹಾರ್ ಮತ್ತು "ಆಫ್ರಿಕನ್ ನಾಟಿ" ಪ್ಯಾಕೆಟ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅತ್ತೆಯ ಗುಂಡು ಸೋರೆಗೆ. ಚಾಮರಾಜನಗರದ ಕಡೆಯ ನಮ್ಮ ಸೋದರತ್ತೆ ಒಣಗಿದ ಸೋರೆ ಬುರುಡೆಯನ್ನೇ ಇಡಿಯಾಗಿ ಕೈಗಿಟ್ಟು, "ಒಡೆದು ಬೀಜ ತಕ್ಕೊ, ಅರ್ಧ ಹಾಕು, ಅರ್ಧ ಮಡಿಕ್ಕೊ" ಅಂದಿದ್ದರು. ಹೋಲಿಕೆಗೆ ಇನ್ನೆರಡು ಬೀಜ ಹಾಕಿದೆ. ಒಂದು, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಬಹಾರ್. ಇನ್ನೊಂದು, ಆನ್‌ಲೈನ್‌ನಲ್ಲಿ ತರಿಸಿದ ಪ್ಯಾಕೆಟ್. ಅದರ ಮೇಲೆ "ಆಫ್ರಿಕನ್ ನಾಟಿ ಸೋರೆ, ಅಪರೂಪದ ತಳಿ" ಎಂದಿತ್ತು. ಮೂರೂ ಮೈಸೂರಿನ ನಮ್ಮ ಹಿತ್ತಲಲ್ಲೇ, ಒಂದೇ ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆದವು. ಹೈಬ್ರಿಡ್ ಹಾಕಲಿಲ್ಲ. ನನಗೆ ಬೇಕಿದ್ದದ್ದು ಮುಂದಿನ ವರ್ಷಕ್ಕೂ ಬೀಜ. ಹೈಬ್ರಿಡ್ ಕಾಯಿಯ ಬೀಜ ಬಿತ್ತಿದರೆ ಒಂದೊಂದು ಬಳ್ಳಿ ಒಂದೊಂದು ಥರ ಬರುತ್ತದೆ.

ಪ್ಯಾಕೆಟ್ಟಿನ ಕತೆ ಮೊದಲು ಮುಗಿಸೋಣ, ಸಿಟ್ಟು ಇನ್ನೂ ಇದೆ. ಹತ್ತು ಬೀಜಕ್ಕೆ 350 ರೂಪಾಯಿ. ಚಿತ್ರದಲ್ಲಿ ಹಂಸದ ಕತ್ತಿನಂತೆ ಬಾಗಿದ ಚೆಂದದ ಬುರುಡೆ. ಯಾವ ದೇಶದ್ದು ಅಂತ ಕೇಳಿದೆ. "ಆಫ್ರಿಕಾ" ಅಂತ ಉತ್ತರ ಬಂತು. ಆಫ್ರಿಕಾದಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳಿವೆಯಲ್ಲ, ಯಾವುದು ಅಂದೆ. ಆಮೇಲೆ ಸುದ್ದಿಯೇ ಇಲ್ಲ. ಯಾರು ಬೆಳೆದದ್ದು, ಯಾವ ವರ್ಷದ್ದು, ಶೇಕಡಾ ಎಷ್ಟು ಮೊಳಕೆ ಬರುತ್ತದೆ, ಒಂದೂ ಪ್ಯಾಕೆಟ್ ಮೇಲಿರಲಿಲ್ಲ. ಹೊರದೇಶದಿಂದ ಬಿತ್ತನೆ ಬೀಜ ತರಿಸಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಬೀಜ ನಿಜವಾಗಿಯೂ ಆಫ್ರಿಕಾದಿಂದ ಬಂದಿದ್ದರೆ ಆ ಕಾಗದ ಎಲ್ಲಿ? ಇಲ್ಲೇ ಬೆಳೆದದ್ದಾದರೆ ಆ ಹೆಸರು ಯಾಕೆ?

ಬೇಜಾರಿಗೆ ಇನ್ನೂ ಒಂದು ಕಾರಣ ಇದೆ. ಸೋರೆಯ ತವರೇ ಆಫ್ರಿಕಾ. ಅದರ ಕುಲದ ಕಾಡು ಬಳ್ಳಿಗಳೆಲ್ಲ ಆ ಖಂಡಕ್ಕೆ ಸೇರಿದವು. ನಾವು ಉಣ್ಣುವ ಸೋರೆಯೇ ಕಾಡಿನಲ್ಲಿ ತಾನಾಗಿ ಬೆಳೆಯುವುದನ್ನು ಜಿಂಬಾಬ್ವೆಯಲ್ಲಿ ಗುರುತಿಸಿದ್ದಾರೆ. ಒಣಗಿದ ಬುರುಡೆ ಸಮುದ್ರದಲ್ಲಿ ತಿಂಗಳುಗಟ್ಟಲೆ ತೇಲಿದರೂ ಒಳಗಿನ ಬೀಜ ಸಾಯುವುದಿಲ್ಲ. ಅಮೆರಿಕಕ್ಕೆ ಸೋರೆ ಹೋದದ್ದು ಹಾಗೆ ಅಟ್ಲಾಂಟಿಕ್ ದಾಟಿ ತೇಲಿಕೊಂಡೇ ಎಂದು 2014ರ ಒಂದು ವಂಶವಾಹಿ ಅಧ್ಯಯನ ಹೇಳುತ್ತದೆ. ಅಂದಮೇಲೆ ಅತ್ತೆಯ ಗುಂಡು ಸೋರೆಯ ಮುತ್ತಜ್ಜಿಯೂ ಆಫ್ರಿಕಾದವಳೇ. ಬರೀ "ಆಫ್ರಿಕನ್" ಅಂದರೆ ಬೀಜದ ಬಗ್ಗೆ ಏನೂ ಹೇಳಿದ ಹಾಗಾಗಲಿಲ್ಲ. ಯಾವ ಊರಿನ ಜನ ಯಾವ ಕೆಲಸಕ್ಕೆ ಅದನ್ನು ಆರಿಸಿ ಆರಿಸಿ ಇಟ್ಟುಕೊಂಡರು ಅನ್ನುವುದು ಮುಖ್ಯ.

ಈ ಪ್ರಶ್ನೆ ಸೀದಾ ಅಡುಗೆಮನೆಗೇ ಬರುತ್ತದೆ. ಆಫ್ರಿಕಾದ ಎಷ್ಟೋ ಕಡೆ ಸೋರೆ ಅಂದರೆ ಮೊದಲು ಪಾತ್ರೆ, ಆಮೇಲೆ ತರಕಾರಿ. ಕೀನ್ಯಾದ ಕಲೆಂಜಿನ್ ಜನ ಹಾಲನ್ನು ಹುಳಿಯಾಗಿಸಿ ಮುರ್ಸಿಕ್ ಮಾಡುವುದು ಸೋರೆ ಬುರುಡೆಯಲ್ಲಿ, ಒಳಗೋಡೆಗೆ ಇದ್ದಿಲು ತಿಕ್ಕಿ. ಪಶ್ಚಿಮ ಆಫ್ರಿಕಾದ ಕೋರಾ ವಾದ್ಯದ ಹೊಟ್ಟೆಯೂ ಅರ್ಧ ಬುರುಡೆಯೇ. ನಮ್ಮಲ್ಲಿ ತಂಬೂರಿಗೆ ಇದ್ದ ಹಾಗೆ. ಇಂಥ ಕೆಲಸಕ್ಕೆ ದಪ್ಪ ಸಿಪ್ಪೆ ಬೇಕು, ಸರಿಯಾದ ಆಕಾರ ಬೇಕು. ತಿರುಳು ಕಹಿಯಾದರೆ ಯಾರಿಗೂ ನಷ್ಟವಿಲ್ಲ. ಆ ತಳಿಯ ಬೀಜ "ನಾಟಿ ಸೋರೆ" ಅನ್ನುವ ಚೀಟಿ ಅಂಟಿಸಿಕೊಂಡು ನಮ್ಮ ಮನೆಗೆ ಬಂದರೆ? ನಾವು ಅದನ್ನು ಹುಳಿಗೆ ಹಾಕುತ್ತೇವೆ.

ಪ್ಯಾಕೆಟ್ಟಿನ ಬಳ್ಳಿಗಳಲ್ಲಿ ಒಂದರ ಕಾಯಿ ಕಡುಕಹಿ. ನೋಡಲು ಮಾತ್ರ ಪಕ್ಕದ ಬಳ್ಳಿಯ ಕಾಯಿ ಥರಾನೇ. ಎಳೆಯದು, ತಿಳಿ ಹಸಿರು, ಮೇಲೆ ನವಿರಾದ ರೋಮ. ಸೋರೆಯನ್ನು ಹೆಚ್ಚುವ ಮೊದಲು ಒಂದು ಚೂರು ನಾಲಿಗೆ ತುದಿಗೆ ಮುಟ್ಟಿಸಿ ಉಗುಳುವುದು ನಮ್ಮ ಮನೆಯಲ್ಲಿ ಹಿಂದಿನಿಂದ ಬಂದ ಅಭ್ಯಾಸ. ಅದರಿಂದ ಉಳಿದುಕೊಂಡೆವು. ಕಹಿ ಸೋರೆಯಲ್ಲಿ ಇರುವುದು ಕುಕುರ್ಬಿಟಾಸಿನ್ ಎಂಬ ವಿಷ. ಬೇಯಿಸಿದರೂ ಹೋಗುವುದಿಲ್ಲ, ಉಪ್ಪು ಹಚ್ಚಿ ಹಿಂಡಿದರೂ ಹೋಗುವುದಿಲ್ಲ. ವಾಂತಿ, ಭೇದಿ, ರಕ್ತವಾಂತಿ, ರಕ್ತದೊತ್ತಡ ಕುಸಿತ, ಇಷ್ಟೂ ಆಗಬಹುದು. 2010ರಲ್ಲಿ ದೆಹಲಿಯಲ್ಲಿ ಕಹಿ ಸೋರೆ ಜ್ಯೂಸ್ ಕುಡಿದು ವಿಜ್ಞಾನಿಯೊಬ್ಬರು ತೀರಿಕೊಂಡರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತಜ್ಞರ ಸಮಿತಿ ಕೂರಿಸಿ, ಕಹಿ ಇದ್ದರೆ ಕುಡಿಯಲೇಬೇಡಿ ಎಂದು ಎಚ್ಚರಿಸಿತು. ಆರೋಗ್ಯಕ್ಕೆ ಕಹಿ ಒಳ್ಳೆಯದು ಅಂತ ಹಾಗಲಕಾಯಿಗೆ ಹೇಳುವ ಮಾತು ಸೋರೆಗೆ ನಡೆಯುವುದಿಲ್ಲ. ಆ ಬಳ್ಳಿಯನ್ನು ಬೇರುಸಮೇತ ಕಿತ್ತೆ.

ಮೊಳಕೆ: ಅತ್ತೆಯದೂ ಅರ್ಕಾ ಬಹಾರೂ ರಾತ್ರಿ ನೆನೆಸಿಟ್ಟರೆ ಸಾಕು. ಪ್ಯಾಕೆಟ್ಟಿನ ಬೀಜದ ಸಿಪ್ಪೆ ಗಟ್ಟಿ, ತುದಿಯನ್ನು ಉಗುರು ಕತ್ತರಿಯಲ್ಲಿ ಸ್ವಲ್ಪ ಚಿವುಟಬೇಕಾಯಿತು.

ಇಳುವರಿಯಲ್ಲಿ ಅರ್ಕಾ ಬಹಾರ್ ಮುಂದೆ, ಅದರಲ್ಲಿ ಮಾತೇ ಇಲ್ಲ. ನೇರ, ಉದ್ದ, ಹೊಳಪಿನ ಕಾಯಿ, ಸುಮಾರು ಒಂದು ಕೆಜಿ ತೂಗುತ್ತದೆ.

ಹಣ್ಣು ನೊಣದ ಕಾಟ ಮೂರಕ್ಕೂ ಸಮ.

ಇನ್ನು ನಿಜವಾದ ತಲೆನೋವಿಗೆ ಬರುತ್ತೇನೆ. ಅದು ಬೆರಕೆ. ಸೋರೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಗಂಡು ಹೂವಿಗೆ ಉದ್ದನೆಯ ತೆಳು ತೊಟ್ಟು. ಹೆಣ್ಣು ಹೂವಿನ ಕೆಳಗೆ ಆಗಲೇ ಪುಟ್ಟ ಕಾಯಿ ಇರುತ್ತದೆ, ಅತ್ತೆಯ ತಳಿಯಲ್ಲಿ ಗೋಲಿಯಷ್ಟು, ಅರ್ಕಾ ಬಹಾರ್‌ನಲ್ಲಿ ಕಿರುಬೆರಳಿನಷ್ಟು. ಹೂ ಬಿರಿಯುವುದು ಹೊತ್ತು ಮುಳುಗುವಾಗ. ಮಾರನೇ ದಿನ ಬಿಸಿಲೇರುವಷ್ಟರಲ್ಲಿ ಬಾಡಿರುತ್ತದೆ. ರಾತ್ರಿ ಪತಂಗಗಳು ಪರಾಗ ಹೊತ್ತು ತಿರುಗುತ್ತವೆ. ಅವಕ್ಕೆ ನಮ್ಮ ಕಾಂಪೌಂಡ್ ಲೆಕ್ಕಕ್ಕಿಲ್ಲ. ಕುಂಬಳ, ಹಾಗಲದ ಜೊತೆ ಸೋರೆ ಬೆರೆಯುವುದಿಲ್ಲ. ಆದರೆ ಯಾವ ಸೋರೆಯಾದರೂ ಇನ್ನೊಂದು ಸೋರೆಯ ಜೊತೆ ಬೆರೆಯುತ್ತದೆ. ಪ್ರಮಾಣಿತ ಬೀಜ ಬೆಳೆಯುವವರು ಎರಡು ತಳಿಗಳ ನಡುವೆ 500 ಮೀಟರ್ ಬಿಡಬೇಕು ಎಂಬ ನಿಯಮವಿದೆ. ನಮ್ಮ ಬೀದಿಯೇ ಅಷ್ಟು ಉದ್ದವಿಲ್ಲ! ಪಕ್ಕದ ಮನೆಯವರ ಹೈಬ್ರಿಡ್ ಬಳ್ಳಿ ನಮ್ಮ ಗೋಡೆ ಮೇಲೆಯೇ ಹರಡಿದೆ. ಬೆರಕೆಯಾದದ್ದು ಆ ವರ್ಷದ ಕಾಯಿಯಲ್ಲಿ ಕಾಣುವುದೂ ಇಲ್ಲ. ಮುಂದಿನ ವರ್ಷ ಬೀಜ ಹಾಕಿದಾಗಲೇ ಗುಂಡು ಸೋರೆಗೆ ಕತ್ತು ಬಂದಿರುವುದು ಗೊತ್ತಾಗುತ್ತದೆ. ಕಹಿ ಬಳ್ಳಿಯ ಪರಾಗ ತಗಲಿದ್ದರೆ ಇನ್ನೂ ಕಷ್ಟ. ಒಳ್ಳೆಯ ತಳಿಯ ಮಕ್ಕಳಿಗೂ ಕಹಿ ಬರುತ್ತದೆ.

ಹಾಗಾಗಿ ಕೈಯಲ್ಲೇ ಪರಾಗ ಮುಟ್ಟಿಸಬೇಕು. ಮಧ್ಯಾಹ್ನವೇ ಹೋಗಿ ಅಂದು ಸಂಜೆ ಬಿರಿಯುವ ಮೊಗ್ಗು ಯಾವುದು ಅಂತ ಹುಡುಕಬೇಕು. ತುದಿಯಲ್ಲಿ ಬಿಳಿ ಇಣುಕಿ, ಮೊಗ್ಗು ಉಬ್ಬಿದ್ದರೆ ಅದೇ. ಹೆಣ್ಣು ಮೊಗ್ಗಿನ ತುದಿಗೆ ಹತ್ತಿ ದಾರ ಸುತ್ತಿ ಬಿರಿಯದಂತೆ ಕಟ್ಟುತ್ತೇನೆ. ಅದೇ ತಳಿಯ ಇನ್ನೊಂದು ಬಳ್ಳಿಯ ಗಂಡು ಮೊಗ್ಗಿಗೂ ಹಾಗೇ. ಸಂಜೆ ಗಂಡು ಹೂ ಕಿತ್ತು, ಎಸಳು ಹರಿದು, ಹೆಣ್ಣು ಹೂವಿನ ದಾರ ಬಿಚ್ಚಿ, ಒಳಗಿನ ಮೆತ್ತನೆಯ ತುದಿಗೆ ಸುತ್ತಲೂ ಸವರಬೇಕು. ತಿರುಗಿ ಎಸಳು ಮುಚ್ಚಿ ದಾರ ಕಟ್ಟಿ, ಮೇಲೆ ಕಾಗದದ ಚೀಲ ಹಾಕಬೇಕು. ತೊಟ್ಟಿಗೆ ಒಂದು ಕೆಂಪು ದಾರ, ಗುರುತಿಗೆ. ಕಾಯಿ ಕಟ್ಟಿದ್ದರೆ ಎರಡು ಮೂರು ದಿನದಲ್ಲಿ ಹೀಚು ದಪ್ಪಗಾಗಿ ಕೆಳಗೆ ಬಾಗುತ್ತದೆ. ಇಲ್ಲದಿದ್ದರೆ ಹಳದಿಯಾಗಿ ಉದುರುತ್ತದೆ.

ಬರೆದಷ್ಟು ಸುಲಭವಲ್ಲ ಇದು. ದೀಪ ಹಚ್ಚುವ ಹೊತ್ತು, ಒಲೆ ಮೇಲೆ ಅನ್ನ, ಕಾಲಿಗೆ ಸೊಳ್ಳೆ. ಮಳೆ ಹನಿ ಬಿದ್ದರೆ ಪರಾಗ ಅಂಟಿ ಮುದ್ದೆಯಾಗಿ ಕೆಲಸಕ್ಕೆ ಬರುವುದಿಲ್ಲ. ಹೆಣ್ಣು ಹೂ ಬಿಟ್ಟ ದಿನ ಗಂಡು ಹೂ ಇರುವುದಿಲ್ಲ, ಗಂಡು ಹೂ ತುಂಬಿದ ದಿನ ಹೆಣ್ಣು ಇರುವುದಿಲ್ಲ. ಪ್ಯಾಕೆಟ್ಟಿನ ಬಳ್ಳಿಗಳಂತೂ ಬೇಸಿಗೆಯ ಉದ್ದ ಹಗಲಿನಲ್ಲಿ ಬರೀ ಗಂಡು ಹೂ ಬಿಟ್ಟು ಸತಾಯಿಸಿದವು. ಸುಳಿ ಚಿವುಟಿದ ಮೇಲೆ ಪಕ್ಕದ ಕವಲುಗಳಲ್ಲಿ ಹೆಣ್ಣು ಹೂ ಬಂತು. ಬೀಜಕ್ಕೆ ಬಿಟ್ಟ ಕಾಯಿ ಬಲಿತು ಒಣಗಲು ಸುಮಾರು ಎರಡು ತಿಂಗಳು ಬೇಕು. ಅಷ್ಟು ದಿನ ಆ ಬಳ್ಳಿ ಅಡುಗೆಗೆ ಕಾಯಿ ಕೊಡುವುದನ್ನು ಕಮ್ಮಿ ಮಾಡುತ್ತದೆ. ಚಿಕ್ಕ ಹಿತ್ತಲಿನವರಿಗೆ ಇದು ಸಣ್ಣ ನಷ್ಟವಲ್ಲ.

ಈ ರಗಳೆ ಬೇಡ ಅನ್ನುವವರಿಗೆ ಅರ್ಕಾ ಬಹಾರ್ ದೊಡ್ಡ ನೆಮ್ಮದಿ. ಬೆರಕೆಯಾದರೆ ಆಗಲಿ, ಮುಂದಿನ ಸಲ ಸಂಸ್ಥೆಯಿಂದಲೇ ಹೊಸ ಬೀಜ ತರಿಸಿಕೊಂಡರಾಯಿತು. ಆನ್‌ಲೈನ್‌ನಲ್ಲೂ ಕೊಡುತ್ತಾರೆ, ಬೆಲೆಯೂ ಕೈಗೆಟಕುತ್ತದೆ. ಅದು ಹೈಬ್ರಿಡ್ ಅಲ್ಲ, ಆಯ್ದ ಶುದ್ಧ ತಳಿ. ಕೈಯಲ್ಲಿ ಪರಾಗ ಮುಟ್ಟಿಸಿದರೆ ನಾವೂ ಬೀಜ ಮಾಡಿಕೊಳ್ಳಬಹುದು. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಬೀಜ ಉಳಿಸುವ, ಬಿತ್ತುವ, ಹಂಚುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನೂ ಕೊಟ್ಟಿದೆ.

ಇದೆಲ್ಲ ನೀವು ಹೇಗೆ ಮಾಡುತ್ತೀರಿ ಅಂತ ಅತ್ತೆಯನ್ನು ಕೇಳಿದೆ. "ಯಾವ ದಾರ, ಯಾವ ಚೀಲ? ನಮ್ಮೂರಲ್ಲಿ ಎಲ್ಲರ ಹಿತ್ತಲಲ್ಲೂ ಅದೇ ಗುಂಡು ಸೋರೆ ಕಣವ್ವ. ಇನ್ಯಾವುದರ ಜೊತೆ ಬೆರಕೆ ಆಗ್ತದೆ?" ಅಂದರು. ಅವರ ಬೀಜ ಚೆನ್ನಾಗಿ ಉಳಿದುಕೊಂಡು ಬಂದ ಗುಟ್ಟು ಅಲ್ಲಿದೆ. ಊರಿಗೆ ಊರೇ ಒಂದೇ ತಳಿ ಹಾಕುತ್ತಿತ್ತು. ಕಹಿ ಬಂದ ಬಳ್ಳಿಯನ್ನು ಕಂಡಕೂಡಲೇ ಕೀಳುತ್ತಿದ್ದರು. ಒಳ್ಳೆ ಬಳ್ಳಿಯ ಎರಡನೇ ಮೂರನೇ ಕಾಯಿಯನ್ನು ಬೀಜಕ್ಕೆ ಬಿಡುತ್ತಿದ್ದರು. ಕೀನ್ಯಾದ ಕಿಟುಯಿ ಪ್ರದೇಶದಲ್ಲಿ ಕ್ಯಾನಿಕಾ ಎಂಬ ಮಹಿಳಾ ಗುಂಪು ಸೋರೆಯ ತಳಿಗಳನ್ನು ಒಟ್ಟುಮಾಡಿ, ಬೆಳೆಸಿ, ಒಂದೊಂದರ ಹೆಸರು ಮತ್ತು ಬಳಕೆಯನ್ನು ದಾಖಲಿಸಿಟ್ಟಿದೆ. ನಿಜವಾದ ಆಫ್ರಿಕನ್ ನಾಟಿ ಬೀಜ ಅಂದರೆ ಹಾಗಿರುತ್ತದೆ. ಬೆಳೆದವರು ಯಾರು, ಯಾತಕ್ಕೆ ಅಂತ ಗೊತ್ತಿರುತ್ತದೆ.

ಬೀಜ ಕಾಪಿಡುವುದರಲ್ಲೂ ಗುಂಡು ಸೋರೆಯೇ ಮೇಲು. ಸಿಪ್ಪೆ ದಪ್ಪ, ಬುರುಡೆಯೇ ಡಬ್ಬಿ. ತೊಟ್ಟು ಒಣಗಿ, ಅಲ್ಲಾಡಿಸಿದರೆ ಗಲಗಲ ಅನ್ನುವ ತನಕ ಬಿಟ್ಟು, ಅತ್ತೆ ಅದನ್ನು ಹೊಗೆ ತಾಗುವ ಕಡೆ ನೇತುಹಾಕುತ್ತಾರೆ. ಅರ್ಕಾ ಬಹಾರ್ ಸಿಪ್ಪೆ ತೆಳು, ನಮ್ಮ ಮಳೆಗಾಲದಲ್ಲಿ ಬಳ್ಳಿಯಲ್ಲೇ ಕೊಳೆಯಿತು. ನಮ್ಮನೆಯಲ್ಲಿ ಹೊಗೆ ಇಲ್ಲ. ಅದಕ್ಕೆ ಬೀಜವನ್ನು ನೆರಳಲ್ಲಿ ಒಣಗಿಸಿ, ಬಗ್ಗಿಸಿದರೆ ಪಟ್ ಅಂತ ಮುರಿಯುವಷ್ಟಾದ ಮೇಲೆ ತೇವ ಹೀರುವ ಸಿಲಿಕಾ ಜೆಲ್ ಜೊತೆ ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡುತ್ತೇನೆ. ಬೀಜದ ತೇವ ಶೇಕಡಾ 1ರಷ್ಟು ಇಳಿದರೆ ಆಯಸ್ಸು ಸುಮಾರು ಎರಡರಷ್ಟಾಗುತ್ತದೆ, ಶಾಖ 5 ಡಿಗ್ರಿ ಇಳಿದರೂ ಅಷ್ಟೇ. ಬೀಜ ವಿಜ್ಞಾನದಲ್ಲಿ ಇದು ಹಳೆಯ ಸೂತ್ರ. ಬಾಟಲಿ ಬಿಗಿ ಮುಚ್ಚದೆ ಫ್ರಿಜ್‌ನಲ್ಲಿಟ್ಟರೆ ಮಾತ್ರ ತೇವ ಹೀರಿ ಕೆಡುತ್ತದೆ.

ರುಚಿ ಹೇಳಲೇಬೇಕಲ್ವಾ? ಗುಂಡು ಸೋರೆ ಹುಳಿಯಲ್ಲಿ ಕರಗುವುದಿಲ್ಲ, ಹೋಳು ಹೋಳಾಗಿ ನಿಲ್ಲುತ್ತದೆ. ಎಳೆ ಸಿಪ್ಪೆ ಚಟ್ನಿಗೂ ಆಗುತ್ತದೆ. ಮುದ್ದೆಗೆ ಅದರ ಸಾರು ಇದ್ದರೆ ನಮ್ಮ ಮನೆಯಲ್ಲಿ ಬೇರೆ ಏನೂ ಕೇಳುವುದಿಲ್ಲ. ಅರ್ಕಾ ಬಹಾರ್ ಮೆತ್ತಗೆ, ದೋಸೆಗೆ ಚೆನ್ನ.

ನನಗೆ ಸಂಜೆ ಹೊತ್ತು ಹಿತ್ತಲಲ್ಲಿ ನಿಲ್ಲಲು ಬಿಡುವಿದೆ, ಬೀಜಕ್ಕೆ ದುಡ್ಡು ಸುರಿಯಲು ಮನಸ್ಸಿಲ್ಲ. ಅದಕ್ಕೆ ಗುಂಡು ಸೋರೆ. ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಮನೆ ಸೇರುವವರು ಕಣ್ಣುಮುಚ್ಚಿ ಅರ್ಕಾ ಬಹಾರ್ ಹಾಕಿ. ನಾಟಿ ಬೀಜ ಬೇಕೇ ಬೇಕು, ಅತ್ತೆಯಂಥವರು ಯಾರೂ ಇಲ್ಲ ಅಂದರೆ ನಾಟಿ ಬೀಜ ಉಳಿಸುವ ಸಹಜ ಸಮೃದ್ಧದಂಥ ಸಂಸ್ಥೆಯವರು ನಡೆಸುವ ಬೀಜ ಮೇಳಕ್ಕೆ ಹೋಗಿ. ಅಲ್ಲಿ ಬೆಳೆದವರೇ ಕೂತಿರುತ್ತಾರೆ. ಯಾವ ಊರು, ಕಹಿ ಬಂದಿದೆಯಾ, ಪಕ್ಕದಲ್ಲಿ ಬೇರೆ ಸೋರೆ ಇತ್ತಾ ಅಂತ ಮುಖ ನೋಡಿ ಕೇಳಬಹುದು.

ಪ್ಯಾಕೆಟ್ಟಿನ ಉಳಿದ ಬಳ್ಳಿಗಳನ್ನು ಏನು ಮಾಡಿದೆ ಅಂದರೆ, ಬಿಸಾಡಲಿಲ್ಲ. ಬೀಜದ ತಪ್ಪೇನಿದೆ? ಕಹಿ ಇಲ್ಲದ ಬಳ್ಳಿಗಳನ್ನು ಅವುಗಳಲ್ಲೇ ಒಂದಕ್ಕೊಂದು ಪರಾಗ ಮುಟ್ಟಿಸಿ ಬೀಜ ಮಾಡಿದ್ದೇನೆ. ಅತ್ತೆಯ ಬೀಜದಿಂದ ದೂರ, ಬೇರೆ ಬಾಟಲಿ. ಚೀಟಿಯಲ್ಲಿ "ಆಫ್ರಿಕನ್" ಅಂತ ಬರೆದಿಲ್ಲ. "ಅಂಗಡಿ ಬೀಜ, ಮೂಲ ಗೊತ್ತಿಲ್ಲ, ಬಾಗಿದ ಕತ್ತು, ದಪ್ಪ ಸಿಪ್ಪೆ, ಜೊತೆಯ ಒಂದು ಬಳ್ಳಿಯಲ್ಲಿ ಕಹಿ ಬಂದಿತ್ತು, ಬುರುಡೆಗೆ ಮಾತ್ರ, ಅಡುಗೆಗೆ ಬೇಡ" ಎಂದು ಬರೆದಿದ್ದೇನೆ. ಯಾರಾದರೂ ಕೇಳಿದರೆ ಬೀಜದ ಜೊತೆ ಆ ಚೀಟಿಯನ್ನೂ ನಕಲು ಮಾಡಿ ಕೊಡುತ್ತೇನೆ.