ಘಾನಾ ಚಿನ್ನದ ಗಣಿಯಲ್ಲಿ ಪಾಲು ಕೊಡಿಸುವ ಕೋಲಾರದ ಕನ್ಸಲ್ಟೆನ್ಸಿ: ಐದಕ್ಕೆ ಒಂದು ಸ್ಟಾರ್

ಹೋದ ತಿಂಗಳು ಕೋಲಾರದ ಒಂದು ಹೋಟೆಲ್ ಹಾಲ್‌ನಲ್ಲಿ ಇವರ ಮೀಟಿಂಗ್ ಇತ್ತು. ಘಾನಾ ದೇಶದ ಚಿನ್ನದ ಗಣಿಯಲ್ಲಿ ಪಾಲು, ಕನಿಷ್ಠ ಐದು ಲಕ್ಷ. ದೊಡ್ಡಪ್ಪ ಕರೆದರು ಅಂತ ನಾನೂ ಹೋದೆ. ಅವರು ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ದುಡಿದವರು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿದಾಗ ಕೈಗೆ ಬಂದ ದುಡ್ಡಿನಲ್ಲಿ ಖರ್ಚಾಗಿ ಉಳಿದದ್ದು ಇವತ್ತಿಗೂ ಎಫ್‌ಡಿಯಲ್ಲಿದೆ, ಅದನ್ನೇ ಮುರಿಸಿ ಹಾಕೋಣ ಅನ್ನುವ ಯೋಚನೆ ಅವರದ್ದು.

ಮೇಜಿನ ಮೇಲೆ ಚಿನ್ನದ ಎಳೆ ಇರುವಂಥ ಬೆಣಚುಕಲ್ಲು ಅಂತ ಒಂದು ತುಂಡು ಇಟ್ಟಿದ್ದರು. ದೊಡ್ಡಪ್ಪ ಹೆಬ್ಬೆರಳಿಗೆ ನೀರು ಹಚ್ಚಿಕೊಂಡು ಅದನ್ನು ಉಜ್ಜಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಕಲ್ಲು ಚೆನ್ನಾಗಿದೆ" ಅಂದರು. ಅಷ್ಟಕ್ಕೇ ಅವರ ಮನಸ್ಸು ಅರ್ಧ ಒಪ್ಪಿತ್ತು.

ಕಾಗದದ ಸೆಟ್ ಬೇಕಾದರೆ ಮೂರು ಸಾವಿರ ಫೈಲ್ ಚಾರ್ಜ್. ಕೊಟ್ಟೆವು. ಮನೆಗೆ ತಂದು ಒಂದೊಂದೇ ಹಾಳೆ ಓದಿದೆ. ಲೈಸೆನ್ಸ್ ಜೆರಾಕ್ಸ್‌ನಲ್ಲಿ ಒಬ್ಬರ ಹೆಸರು, ನಾವು ಸಹಿ ಹಾಕಬೇಕಾದ ಅಗ್ರಿಮೆಂಟ್‌ನಲ್ಲಿ ಬೇರೆ ಕಂಪನಿ. ಇಬ್ಬರಿಗೂ ಏನು ಸಂಬಂಧ ಅಂತ ಹೇಳುವ ಒಂದು ಹಾಳೆಯೂ ಇಲ್ಲ. ಫೋನ್ ಮಾಡಿ ಕೇಳಿದರೆ, "ಪಾರ್ಟ್‌ನರ್‌ಗಳು ಸಾರ್, ಸಣ್ಣ ಜಗಳ ಕೋರ್ಟಿನಲ್ಲಿದೆ, ಆರು ತಿಂಗಳಲ್ಲಿ ಮುಗಿಯುತ್ತೆ" ಅಂದರು. ಮೀಟಿಂಗ್‌ನಲ್ಲಿ ಈ ಕೋರ್ಟಿನ ಮಾತೇ ಬಂದಿರಲಿಲ್ಲ! ನಮ್ಮೂರಲ್ಲಿ ಎರಡು ಗುಂಟೆ ತಗೊಳ್ಳುವಾಗಲೂ ಪಹಣಿ, ಮ್ಯುಟೇಷನ್, ಇಸಿ ಎಲ್ಲಾ ತೆಗೆಸಿ ನೋಡುತ್ತೇವೆ ಅಲ್ವಾ?

ನನಗೆ ಜಾಸ್ತಿ ಬೇಜಾರಾಗಿದ್ದು ಇನ್ನೊಂದು ವಿಷಯಕ್ಕೆ. ಆ ಜೆರಾಕ್ಸ್ ಸಣ್ಣ ಪ್ರಮಾಣದ ಗಣಿಗಾರಿಕೆಯ ಲೈಸೆನ್ಸ್. ಘಾನಾದ 2006ರ ಗಣಿ ಕಾನೂನಿನ ಪ್ರಕಾರ ಅದು ಅಲ್ಲಿನ ಪ್ರಜೆಗಳಿಗೆ ಮಾತ್ರ ಸಿಗುತ್ತದೆ. ಹೊರಗಿನವರು ಅದನ್ನು ಪಡೆಯುವ ಹಾಗೇ ಇಲ್ಲ. ದೊಡ್ಡ ಗಣಿಯ ಲೀಸ್ ಬೇರೆ, ಅದಕ್ಕೆ ಅಲ್ಲಿನ ಸಂಸತ್ತಿನ ಒಪ್ಪಿಗೆ ಬೇಕು, ಶೇಕಡಾ 10 ಪಾಲು ಪುಕ್ಕಟೆಯಾಗಿ ಸರ್ಕಾರಕ್ಕೆ ಹೋಗುತ್ತದೆ. ಈ ಲೆಕ್ಕ ಇವರ ಲಾಭದ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಕೋರ್ಟಿನಲ್ಲಿ ಗೆದ್ದರೆ ಆಯ್ತಲ್ಲ ಅಂತ ದೊಡ್ಡಪ್ಪ ಕೇಳಿದರು. ವೆನೆಜುವೆಲಾದ ಲಾಸ್ ಕ್ರಿಸ್ಟಿನಾಸ್ ಗಣಿಯ ಕಥೆ ಹೇಳಿದೆ. ಕೆನಡಾದ ಕ್ರಿಸ್ಟಾಲೆಕ್ಸ್ ಕಂಪನಿಯ ಕರಾರನ್ನು ಅಲ್ಲಿನ ಸರ್ಕಾರ 2011ರಲ್ಲಿ ರದ್ದು ಮಾಡಿತು. 2016ರಲ್ಲಿ 120 ಕೋಟಿ ಡಾಲರ್‌ಗೂ ಜಾಸ್ತಿ ಪರಿಹಾರದ ತೀರ್ಪು ಬಂತು. ಬಂದ ಮೇಲೂ ಆ ದುಡ್ಡು ವಸೂಲಿ ಮಾಡಲು ಅಮೆರಿಕದ ಕೋರ್ಟುಗಳಲ್ಲಿ ವರ್ಷಗಟ್ಟಲೆ ಅಲೆಯಬೇಕಾಯಿತು. ಅಷ್ಟು ದೊಡ್ಡ ವಕೀಲರನ್ನು ಇಟ್ಟವರ ಪಾಡೇ ಹೀಗೆ. ಭಾರಿ ಚಿನ್ನ ಸಿಕ್ಕಿದೆ ಅಂತ ಸುದ್ದಿಯಾಗಿದ್ದ ಇಂಡೋನೇಷ್ಯಾದ ಬುಸಾಂಗ್‌ನಲ್ಲಂತೂ ಯಾರಿಗೆ ಎಷ್ಟು ಪಾಲು ಅಂತ ದೊಡ್ಡ ದೊಡ್ಡವರೇ ಕಿತ್ತಾಡಿದರು. ಕೊನೆಗೆ 1997ರಲ್ಲಿ ನೋಡಿದರೆ ಅಲ್ಲಿ ಚಿನ್ನವೇ ಇರಲಿಲ್ಲ, ಸ್ಯಾಂಪಲ್‌ಗೆ ಹೊರಗಿನ ಚಿನ್ನದ ಪುಡಿ ಬೆರೆಸಿದ್ದರು. ಇದನ್ನು ಕೇಳಿದ ಮೇಲೆ ದೊಡ್ಡಪ್ಪ ಆ ಬೆಣಚುಕಲ್ಲಿನ ಮಾತು ಎತ್ತಲಿಲ್ಲ.

ದುಡ್ಡು ಕಟ್ಟುವ ರೀತಿಯೂ ಸರಿಯಿಲ್ಲ. ವಿದೇಶದಲ್ಲಿ ಹೂಡಿಕೆ ಮಾಡಲು ರಿಸರ್ವ್ ಬ್ಯಾಂಕಿನ ದಾರಿ ಇದೆ. ವರ್ಷಕ್ಕೆ ಒಬ್ಬರು 2.5 ಲಕ್ಷ ಡಾಲರ್‌ವರೆಗೆ ಬ್ಯಾಂಕಿನ ಮೂಲಕವೇ ಕಳಿಸಬಹುದು. ಇವರು ಬೆಂಗಳೂರಿನ ಯಾರದೋ ಉಳಿತಾಯ ಖಾತೆಯ ನಂಬರ್ ಕೊಟ್ಟರು. ಸೆಬಿ (ಷೇರು, ಹೂಡಿಕೆ ವ್ಯವಹಾರ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ನೋಂದಣಿ ನಂಬರ್ ಕೇಳಿದೆ, ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ ಅಂದರು, ಕಳಿಸಲಿಲ್ಲ.

ಒಂದು ಸ್ಟಾರ್ ಯಾಕೆ ಕೊಟ್ಟೆ ಅಂದರೆ, ಅಲ್ಲಿದ್ದ ಹುಡುಗ ವಯಸ್ಸಾದವರ ಪಕ್ಕ ಕೂತು ನಕ್ಷೆಯನ್ನು ತಾಳ್ಮೆಯಿಂದ ತೋರಿಸಿದ, ಯಾರಿಗೂ ಒತ್ತಾಯ ಮಾಡಲಿಲ್ಲ. ಆ ನಕ್ಷೆಯಲ್ಲಿ ಗಡಿಯ ಗೆರೆ ಪೆನ್ನಿನಲ್ಲಿ ಎಳೆದದ್ದು, ಸರ್ಕಾರದ ಮೊಹರು ಇರಲಿಲ್ಲ.

ನೀವು ಹೋಗುವುದಾದರೆ ಲೈಸೆನ್ಸ್ ನಂಬರ್ ಬರೆದುಕೊಂಡು ಘಾನಾದಲ್ಲಿ ಗಣಿಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಮಿನರಲ್ಸ್ ಕಮಿಷನ್‌ಗೆ ನೀವೇ ಇಮೇಲ್ ಮಾಡಿ ಕೇಳಿ. ಉತ್ತರ ಬರುವ ತನಕ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಫೈಲ್ ಚಾರ್ಜ್ ವಾಪಸ್ ಕೇಳಿ ಎರಡು ಸಲ ಫೋನ್ ಮಾಡಿದ್ದೇನೆ, ಇನ್ನೂ ಬಂದಿಲ್ಲ. ದೊಡ್ಡಪ್ಪನ ಎಫ್‌ಡಿ ಹಾಗೇ ಇದೆ.