ಮಂಜಿನ ರಸ್ತೆಯ ಸಣ್ಣ ಅಪಘಾತ ಮತ್ತು ತೀರ್ಥಹಳ್ಳಿಯ ಒಂದು ಗ್ಯಾರೇಜು

ಮಳೆಗಾಲದಲ್ಲಿ ಕಾರಿಗೆ ಸಣ್ಣ ಪೆಟ್ಟು ಬಿದ್ದರೆ ಮಲೆನಾಡಿನ ಬಹುಪಾಲು ಮಂದಿ ನೇರವಾಗಿ ಶಿವಮೊಗ್ಗದ ಶೋರೂಮಿನ ದಾರಿ ಹಿಡಿಯುತ್ತಾರೆ. ಕಳೆದ ಮಳೆಗಾಲದಲ್ಲಿ ನಾನು ಅನಿವಾರ್ಯವಾಗಿ ತೀರ್ಥಹಳ್ಳಿಯ ಆಗುಂಬೆ ರಸ್ತೆಯ ಬದಿಯಲ್ಲಿರುವ, ಶೀಟಿನ ಮಾಡಿನ ಒಂದು ಗ್ಯಾರೇಜಿಗೆ ಕಾರನ್ನು ಒಪ್ಪಿಸಬೇಕಾಯಿತು. ತಮ್ಮ ಹೆಸರನ್ನೂ ಗ್ಯಾರೇಜಿನ ಹೆಸರನ್ನೂ ಬರೆಯುವುದು ಬೇಡವೆಂದು ಮಾಲೀಕರು ಕೇಳಿಕೊಂಡಿರುವುದರಿಂದ ಅವೆರಡನ್ನೂ ಇಲ್ಲಿ ಬಿಟ್ಟಿದ್ದೇನೆ. ಕೆಲಸ ನಡೆದ ರೀತಿಯನ್ನು ಮಾತ್ರ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಕಣ್ಣಿಗೆ ಕಾಣುವ ಡೆಂಟು ಮತ್ತು ಬಣ್ಣಕ್ಕಿಂತ ಮೊದಲು ಕಣ್ಣಿಗೆ ಕಾಣದ ಭಾಗಗಳನ್ನು ನೋಡಿ, ಈಗ ಯಾವುದನ್ನು ಮಾಡಬಾರದು ಎಂಬುದನ್ನೂ ಹೇಳುವ ಗ್ಯಾರೇಜು ಸಿಗುವುದು ಕಷ್ಟ ಎಂಬುದೇ ಅದಕ್ಕೆ ಕಾರಣ.

ಈ ರಸ್ತೆಯಲ್ಲಿ ಓಡಾಡಿ ಗೊತ್ತಿಲ್ಲದವರಿಗೆ ಸ್ವಲ್ಪ ವಿವರ ಬೇಕಾದೀತು. ತೀರ್ಥಹಳ್ಳಿಯಿಂದ ಮೇಗರವಳ್ಳಿ, ಗುಡ್ಡೇಕೇರಿಗಳ ಮೂಲಕ ಆಗುಂಬೆಗೆ ಹೋಗಿ, ಅಲ್ಲಿಂದ 14 ಕಡಿದಾದ ತಿರುವುಗಳ ಘಾಟಿ ಇಳಿದು ಸೋಮೇಶ್ವರ, ಹೆಬ್ರಿಗಳನ್ನು ದಾಟಿ ಉಡುಪಿ ಸೇರುವ ರಾಷ್ಟ್ರೀಯ ಹೆದ್ದಾರಿ 169ಎ ಇದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಮುತ್ತ ಜೂನ್‌ನಿಂದ ಸೆಪ್ಟೆಂಬರ್ ತನಕ ರಸ್ತೆ ಒಣಗುವುದೆಂಬುದೇ ಇಲ್ಲ. ಎಲ್ಲರೂ ಹೆದರುವುದು ಘಾಟಿಗೆ, ಆದ್ದರಿಂದ ಅಲ್ಲಿ ಎಲ್ಲರೂ ನಿಧಾನವಾಗಿಯೇ ಹೋಗುತ್ತಾರೆ. ನನ್ನ ಅನುಭವದಲ್ಲಿ ಹೆಚ್ಚು ಜೋಪಾನ ಬೇಕಾಗಿರುವುದು ಘಾಟಿಗೆ ಮೊದಲು ಸಿಗುವ ತಿರುವುಗಳಲ್ಲಿ. ಅಲ್ಲಿ ಮರಗಳ ನೆರಳಿರುವ ಕಡೆ ಡಾಂಬರಿನ ಅಂಚಿಗೆ ಪಾಚಿ ಕಟ್ಟಿರುತ್ತದೆ, ಧರೆಯಿಂದ, ಅಂದರೆ ರಸ್ತೆ ಬದಿಯ ಮಣ್ಣಿನ ದಿಬ್ಬದಿಂದ, ಇಳಿದ ಕೆಂಪು ಮಣ್ಣು ನೀರಿನೊಂದಿಗೆ ರಸ್ತೆಯ ಮೇಲೆ ತೆಳ್ಳಗೆ ಹರಡಿಕೊಂಡಿರುತ್ತದೆ, ಮಂಜು ಕವಿದಾಗ ಆ ಮಣ್ಣಿನ ಮೇಲೆ ಚಕ್ರ ಏರುವವರೆಗೂ ಅದು ಕಾಣುವುದಿಲ್ಲ.

ಪುಷ್ಯ ಮಳೆಯ ಒಂದು ಬೆಳಿಗ್ಗೆ ಗುಡ್ಡೇಕೇರಿಯ ಕಡೆಗೆ ಹೋಗುತ್ತಿದ್ದಾಗ ಇಂತಹ ಒಂದು ತಿರುವಿನಲ್ಲಿ ಕಾರು ಜಾರಿತು. ವೇಗ ಕಡಿಮೆಯೇ ಇತ್ತು, ಟಯರುಗಳೂ ಚೆನ್ನಾಗಿದ್ದವು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುತ್ತಿದೆ ಎಂಬುದು ಪೆಡಲಿನ ನಡುಕದಿಂದಲೇ ಗೊತ್ತಾಗುತ್ತಿತ್ತು. ಆದರೆ ಚಕ್ರ ಕಚ್ಚಿಕೊಳ್ಳಲು ಕೆಸರಿನ ಕೆಳಗೆ ಡಾಂಬರು ಸಿಗದಿದ್ದರೆ ಎಬಿಎಸ್ ಕೂಡ ಹೆಚ್ಚೇನೂ ಮಾಡಲಾರದು. ಎಡಗಡೆಯ ಮುಂದಿನ ಚಕ್ರ ಮೋರಿಯ ಕಲ್ಲಿಗೆ ಬಡಿದು, ಬಂಪರಿನ ಮೂಲೆ ಧರೆಗೆ ಗುದ್ದಿ ಕಾರು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ, ಬೇರೆಯವರ ವಾಹನಕ್ಕೂ ಆಸ್ತಿಗೂ ಹಾನಿಯಾಗಲಿಲ್ಲ.

ಫೋನಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ಉಡುಪಿಯ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರೊಬ್ಬರು ವಿಷಯ ಕೇಳಿಕೊಂಡು, ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲೇ ಗ್ಯಾರೇಜಿಗೆ ತಿಳಿಸಿದರು. ಜೀಪಿನಲ್ಲಿ ಬಂದ ಯುವಕ ಕಾರಿನ ಹತ್ತಿರ ಬರುವ ಮೊದಲು ರಸ್ತೆ ಬದಿಯ ಸೊಪ್ಪಿನ ಕೊಂಬೆಗಳನ್ನು ಮುರಿದು ತಿರುವಿನ ಎರಡೂ ಕಡೆ ರಸ್ತೆಯ ಮೇಲೆ ಇಟ್ಟ. ಹಿಂದಿನಿಂದ ಬರುವವರಿಗೆ ಮಂಜಿನಲ್ಲಿ ಅದಕ್ಕಿಂತ ಒಳ್ಳೆಯ ಎಚ್ಚರಿಕೆ ಈ ಭಾಗದಲ್ಲಿ ಇಲ್ಲ. ಆಮೇಲೆ, ಕಾರನ್ನು ಕದಲಿಸುವ ಮುನ್ನ, ನಂಬರ್ ಪ್ಲೇಟು, ಬಡಿದ ಕಲ್ಲು, ರಸ್ತೆಯ ಮೇಲಿನ ಮಣ್ಣು ಇವೆಲ್ಲ ಸೇರುವಂತೆ ಫೋಟೋ ತೆಗೆಯಲು ಹೇಳಿದ. ವಿಮೆ ಕೇಳಲಿ, ಬಿಡಲಿ, ಫೋಟೋ ಇರಬೇಕು ಎಂಬುದು ಅವರ ಗ್ಯಾರೇಜಿನ ಪದ್ಧತಿಯಂತೆ. ಚಕ್ರಕ್ಕೆ ಉಜ್ಜುತ್ತಿದ್ದ ಪ್ಲಾಸ್ಟಿಕ್ ಲೈನರನ್ನು ತಂತಿಯಿಂದ ಹಿಂದಕ್ಕೆ ಬಿಗಿದು, ಜೋತುಬಿದ್ದ ಬಂಪರನ್ನು ಹಗ್ಗದಲ್ಲಿ ಕಟ್ಟಿ, ಸ್ಟೆಪ್ನಿ ಹಾಕಿ, ತನ್ನ ಜೀಪಿನ ಹಿಂದೆಯೇ ನಿಧಾನವಾಗಿ ಬರಲು ಹೇಳಿದ. ಇದಕ್ಕೆ ಅವರು ತೆಗೆದುಕೊಂಡದ್ದು ಜೀಪಿನ ಡೀಸೆಲ್ ಖರ್ಚನ್ನು ಮಾತ್ರ.

ಗ್ಯಾರೇಜಿನಲ್ಲಿ ಮೇಸ್ತ್ರಿಯವರು ಮೊದಲು ಕೈಗೆತ್ತಿಕೊಂಡದ್ದು ಬಿಚ್ಚಿ ತಂದಿದ್ದ ಚಕ್ರವನ್ನು. ಹೊರಗಡೆಯಿಂದ ನೋಡಿದರೆ ರಿಮ್ಮಿನ ಅಂಚು ಸ್ವಲ್ಪ ಬಾಗಿದ್ದು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅವರು ಟಯರನ್ನು ತಿರುಗಿಸಿ ಒಳಮಗ್ಗುಲಿನ ಕೆಸರನ್ನು ಬಟ್ಟೆಯಿಂದ ಒರೆಸಿ, ಬೆರಳಿನ ತುದಿಯನ್ನು ಸುತ್ತಲೂ ಸವರುತ್ತಾ ಹೋಗಿ ಒಂದು ಕಡೆ ನಿಲ್ಲಿಸಿ, ನನ್ನ ಬೆರಳನ್ನೂ ಅಲ್ಲಿಯೇ ಇಡಲು ಹೇಳಿದರು. ಅಡಿಕೆಯ ಗಾತ್ರದ ಒಂದು ಉಬ್ಬು ಕೈಗೆ ಸಿಕ್ಕಿತು. ಕಲ್ಲಿನ ಹೊಡೆತಕ್ಕೆ ಟಯರಿನ ಒಳಗಿನ ದಾರದ ಪದರ ಹರಿದಾಗ ಗಾಳಿ ರಬ್ಬರನ್ನು ಹೊರಕ್ಕೆ ತಳ್ಳಿ ಹೀಗೆ ಉಬ್ಬಿಸುತ್ತದೆ, ಇದಕ್ಕೆ ರಿಪೇರಿ ಎಂಬುದಿಲ್ಲ, ಓಡುವಾಗ ಯಾವಾಗ ಬೇಕಾದರೂ ಒಡೆಯಬಹುದು ಎಂದು ತಿಳಿಸಿ ಹೇಳಿದರು. ಆಮೇಲೆ ಕಾರಿನ ಕೆಳಗೆ ಟಾರ್ಚ್ ಹಾಕಿ ಸ್ಟೇರಿಂಗಿನಿಂದ ಚಕ್ರವನ್ನು ತಿರುಗಿಸುವ ಟೈ ರಾಡ್ ಸ್ವಲ್ಪ ಬಾಗಿದ್ದನ್ನು ತೋರಿಸಿದರು. ಲೋವರ್ ಆರ್ಮ್, ಸ್ಟ್ರಟ್, ರೇಡಿಯೇಟರ್, ಅದರ ಮುಂದಿರುವ ಎಸಿ ಕಂಡೆನ್ಸರ್ ಎಲ್ಲವನ್ನೂ ಒಂದೊಂದಾಗಿ ನೋಡಿ, ಅವಕ್ಕೆ ಏನೂ ಆಗಿಲ್ಲ, ಬದಲಾಯಿಸುವ ಅಗತ್ಯವಿಲ್ಲ ಎಂದರು. ಬಂಪರ್ ಒಡೆದಿದೆ ಎಂಬುದು ದಾರಿಯಲ್ಲಿ ಹೋಗುವವರಿಗೂ ಕಾಣುತ್ತಿತ್ತು, ಆದರೆ ಅದರ ಮಾತು ಬಂದದ್ದು ಇವೆಲ್ಲ ಮುಗಿದ ಮೇಲೆಯೇ.

ವಿಮೆಯ ವಿಷಯದಲ್ಲಿ ಅವರು ಕೊಟ್ಟ ಸಲಹೆಯನ್ನು ಸ್ವಲ್ಪ ಬಿಡಿಸಿ ಬರೆಯಲೇಬೇಕು, ಏಕೆಂದರೆ ಸಣ್ಣ ಅಪಘಾತದಲ್ಲಿ ಎಲ್ಲರೂ ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಸಾಧಾರಣ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆಯನ್ನಷ್ಟೇ ಕೊಡುತ್ತಾರೆ. ಟಯರಿಗೂ ಅರ್ಧವೇ, ಅದೂ ಟಯರಿನ ಜೊತೆಗೆ ವಾಹನಕ್ಕೂ ಹಾನಿಯಾಗಿದ್ದರೆ ಮಾತ್ರ. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ ಕಡಿತ ಏರುತ್ತಾ ಹೋಗುತ್ತದೆ. ಇದಲ್ಲದೆ 1,500 ಸಿಸಿ ಒಳಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ 1,000 ರೂಪಾಯಿ ನಮ್ಮ ತಲೆಯ ಮೇಲೆಯೇ ಬರುತ್ತದೆ. ಉದಾಹರಣೆಗೆ 6,000 ರೂಪಾಯಿಯ ಬಂಪರ್, 8,000 ರೂಪಾಯಿಯ ಬಣ್ಣದ ಕೆಲಸ ಎಂದಿಟ್ಟುಕೊಂಡರೆ, ಬಂಪರಿಗೆ 3,000, ಬಣ್ಣದ ಕೆಲಸಕ್ಕೆ ಸಾಮಗ್ರಿಯ ಪಾಲಾದ 2,000ದಲ್ಲಿ ಅರ್ಧ ಕಡಿದು 7,000, ಅದರಿಂದ 1,000 ಕಳೆದು ಒಟ್ಟು 9,000 ರೂಪಾಯಿ ಕೈಗೆ ಬಂದೀತು. ಇನ್ನೊಂದು ಕಡೆ, ಐದು ವರ್ಷ ಕ್ಲೇಮ್ ಮಾಡದೆ ಗಳಿಸಿದ ಶೇ. 50ರ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಒಂದೇ ಕ್ಲೇಮಿಗೆ ಸೊನ್ನೆಯಾಗಿ, ಮತ್ತೆ 20, 25, 35, 45 ಎಂದು ಮೆಟ್ಟಿಲು ಹತ್ತಬೇಕು. ಸ್ವಂತ ವಾಹನದ ಹಾನಿಗೆಂದು ಕಟ್ಟುವ ಪ್ರೀಮಿಯಂ ಬೋನಸ್ಸಿಗೆ ಮೊದಲು 9,000 ರೂಪಾಯಿ ಇದ್ದರೆ, ಬೋನಸ್ ಮತ್ತೆ ಶೇ. 50 ಮುಟ್ಟುವ ಹೊತ್ತಿಗೆ ಒಟ್ಟು ನಷ್ಟ 11,250 ರೂಪಾಯಿ ಆಗುತ್ತದೆ. ಕಾರು ಹಳೆಯದಾದಂತೆ ಪ್ರೀಮಿಯಂ ಸ್ವಲ್ಪ ಇಳಿಯುವುದರಿಂದ ಈ ಮೊತ್ತವೂ ಇಳಿದೀತು, ಆದರೆ ಲಾಭವಿಲ್ಲ ಎಂಬುದಂತೂ ಸ್ಪಷ್ಟ.

ಈ ಲೆಕ್ಕವನ್ನು ಅವರು ಬಿಲ್ ಪುಸ್ತಕದ ಹಿಂಬದಿಯಲ್ಲಿ ನನ್ನ ಪಾಲಿಸಿಯ ಅಂಕಿಗಳನ್ನೇ ಬರೆದು ತೋರಿಸಿ, "ಕ್ಲೇಮ್ ಮಾಡೋದಾದ್ರೆ ಈಗಲೇ ಕಂಪನಿಗೆ ತಿಳಿಸಿ ಸಾರ್, ಅವರು ನೋಡೋ ತನಕ ನಾನು ಒಂದು ಬೋಲ್ಟೂ ಬಿಚ್ಚಲ್ಲ. ಮಾಡ್ದೆ ಇದ್ರೆ ನಿಮಗೇ ಉಳಿತಾಯ" ಎಂದರು. ವಿಮೆಯ ಹಣ ಬರುವುದಾದರೆ ಬಿಲ್ಲನ್ನು ದೊಡ್ಡದು ಮಾಡುವ ಗ್ಯಾರೇಜುಗಳನ್ನು ನಾನು ಕಂಡಿದ್ದೇನೆ, ಆದ್ದರಿಂದ ಈ ಮಾತಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ಝೀರೋ ಡೆಪ್ರಿಸಿಯೇಷನ್ ಪಾಲಿಸಿ ಇರುವವರಿಗೆ ಭಾಗಗಳ ಕಡಿತ ಇರುವುದಿಲ್ಲವಾದ್ದರಿಂದ ಅವರ ಲೆಕ್ಕ ಬೇರೆಯೇ ಆಗುತ್ತದೆ. ಯಾರಿಗಾದರೂ ಪೆಟ್ಟಾಗಿದ್ದರೆ, ಬೇರೆಯವರ ಆಸ್ತಿಗೆ ಹಾನಿಯಾಗಿದ್ದರೆ, ಈ ಲೆಕ್ಕಾಚಾರವನ್ನೆಲ್ಲ ಬದಿಗಿಟ್ಟು ಮೊದಲು 112ಕ್ಕೆ ಕರೆ ಮಾಡಿ ಪೊಲೀಸರಿಗೆ ತಿಳಿಸಬೇಕು.

ಹೆಡ್‌ಲೈಟಿನ ವಿಷಯದಲ್ಲೂ ಅವರ ಶ್ರದ್ಧೆ ಮೆಚ್ಚುವಂಥದ್ದು. ಒಡೆದ ದೀಪದ ಬದಲು ಹೊಸದನ್ನು ಕೂರಿಸಿದ ಮೇಲೆ ಕಾರನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, ಬಲಗಡೆಯ ದೀಪದ ಬೆಳಕು ಬೀಳುವ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎಡಗಡೆಯದನ್ನು ಆ ಗೆರೆಗೆ ಇಳಿಸಿದರು. ದೀಪ ಸ್ವಲ್ಪ ಮೇಲಕ್ಕೆ ಮುಖ ಮಾಡಿದ್ದರೂ ಮಂಜಿನ ಹನಿಗಳಿಗೆ ಬಡಿದ ಬೆಳಕು ನಮ್ಮ ಕಣ್ಣಿಗೇ ವಾಪಸು ಬರುತ್ತದೆ. ಮಂಜಿನಲ್ಲಿ ಹೈ ಬೀಮ್ ಹಾಕಬಾರದು ಎನ್ನುವುದೂ ಇದೇ ಕಾರಣಕ್ಕೆ. ದೀಪದ ಹಿಂಬದಿಯ ರಬ್ಬರ್ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಎರಡೆರಡು ಸಲ ಒತ್ತಿ ನೋಡಿದರು. ಅದು ಸಡಿಲವಾಗಿದ್ದರೆ ಮಲೆನಾಡಿನ ಮಳೆಗೆ ದೀಪದೊಳಗೆ ನೀರು ಸೇರಲು ಹೆಚ್ಚು ಹೊತ್ತು ಬೇಕಾಗಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಹಿಡಿಸಿದ್ದು ಅವರು ಬಣ್ಣ ಹೊಡೆಯಲು ಒಪ್ಪದಿದ್ದದ್ದು. ಬಾಗಿದ ಫೆಂಡರನ್ನು ಒಳಗಿನಿಂದ ತಟ್ಟಿ ಟಿಂಕರಿಂಗ್ ಮಾಡಿ, ಗೀಚಿಹೋದ ಜಾಗವನ್ನು ಲೋಹ ಕಾಣುವವರೆಗೆ ಉಜ್ಜಿ, ಹ್ಯಾಲೋಜನ್ ದೀಪದ ಶಾಖದಲ್ಲಿ ಒಣಗಿಸಿ, ತುಕ್ಕು ಹಿಡಿಯದಂತೆ ಎಪಾಕ್ಸಿ ಪ್ರೈಮರ್ ಹಚ್ಚಿ ಅಷ್ಟಕ್ಕೇ ನಿಲ್ಲಿಸಿದರು. ಬಿಸಿಗಾಳಿಯ ಪೇಂಟ್ ಬೂತ್ ತಮ್ಮಲ್ಲಿ ಇಲ್ಲವಾದ್ದರಿಂದ, ಗಾಳಿಯಲ್ಲಿ ಇಷ್ಟು ತೇವವಿರುವಾಗ ಬಣ್ಣಕ್ಕೆ ಮೊದಲು ಮೆತ್ತುವ ಪುಟ್ಟಿ ನೀರು ಹೀರಿಕೊಂಡು, ಬೇಸಿಗೆಯ ಬಿಸಿಲಿಗೆ ಬಣ್ಣ ಗುಳ್ಳೆ ಏಳುತ್ತದೆ ಎಂಬುದು ಅವರ ವಿವರಣೆ. "ಈಗ ಹೊಡೆದ್ರೆ ದುಡ್ಡು ನಿಮ್ದು ಹಾಳು, ಹೆಸ್ರು ನಮ್ದು ಹಾಳು ಮಾರಾಯ್ರೆ. ದೀಪಾವಳಿ ಕಳೀಲಿ" ಎಂದರು. ತಕ್ಷಣ ಬೇಕೆಂದರೆ ಬೂತ್ ಇರುವ ಶಿವಮೊಗ್ಗದ ಕಡೆಯೇ ಮಾಡಿಸಿಕೊಳ್ಳಿ, ಬೇಸರವಿಲ್ಲ ಎಂದೂ ಸೇರಿಸಿದರು. ಬೂದು ಬಣ್ಣದ ತೇಪೆಯೊಂದಿಗೆ ಕಾರು ಮಳೆಗಾಲ ಕಳೆಯಿತು. ಆ ಜಾಗದಲ್ಲಿ ತುಕ್ಕಿನ ಒಂದು ಚುಕ್ಕೆಯೂ ಕಾಣಿಸಲಿಲ್ಲ.

ಕೊರತೆಗಳೂ ಇವೆ, ಅವನ್ನು ಮುಚ್ಚಿಟ್ಟರೆ ವಿಮರ್ಶೆ ಬರೆದು ಪ್ರಯೋಜನವಿಲ್ಲ. ಬಿಡಿಭಾಗಗಳು ಶಿವಮೊಗ್ಗದಿಂದ ಬಸ್ಸಿನಲ್ಲಿ ಪಾರ್ಸೆಲ್ ಆಗಿ ಬರಬೇಕು. ನನ್ನ ಕಾರಿಗೆ ಎಡಗಡೆಯ ದೀಪದ ಬದಲು ಬಲಗಡೆಯದು ಬಂದು, ಅದನ್ನು ಹಿಂದಕ್ಕೆ ಕಳುಹಿಸಿ ಸರಿಯಾದದ್ದನ್ನು ತರಿಸುವಷ್ಟರಲ್ಲಿ ಹೇಳಿದ ಗಡುವು ಮೀರಿತ್ತು. ಪಾರ್ಸೆಲ್ಲಿನ ಖರ್ಚನ್ನು ಅವರೇ ಹಾಕಿಕೊಂಡರು ನಿಜ, ಆದರೆ ತಡವಾಗುತ್ತದೆಂದು ಒಂದು ಫೋನ್ ಮಾಡಬಹುದಿತ್ತು. ಫೋನ್ ಮಾಡುವುದು, ಬಂದ ಫೋನ್ ಎತ್ತುವುದು ಎರಡೂ ಈ ಗ್ಯಾರೇಜಿನಲ್ಲಿ ಕಡಿಮೆಯೇ. ಖರ್ಚಿನ ಅಂದಾಜನ್ನು ಬಾಯಲ್ಲಿ ಹೇಳುತ್ತಾರೆ, ಬರವಣಿಗೆಯಲ್ಲಿ ಬೇಕೆಂದು ನಾವೇ ಕೇಳಬೇಕು. ಬಿಡಿಭಾಗಗಳ ಅಂಗಡಿಯ ಬಿಲ್ಲುಗಳನ್ನು ಒಂದೂ ಬಿಡದೆ ಕೊಟ್ಟರು, ಬಿಚ್ಚಿದ ಹಳೆಯ ಭಾಗಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟು ತೋರಿಸಿದರು, ಆದರೆ ಕೂಲಿಯನ್ನು ಮಾತ್ರ ಒಟ್ಟಾಗಿ ಒಂದೇ ಸಾಲಿನಲ್ಲಿ ಬರೆದರು. ಕ್ಯಾಶ್‌ಲೆಸ್ ವಿಮೆಯ ಸೌಲಭ್ಯವಿಲ್ಲ. ಕಾಯುವವರಿಗೆ ಒಂದು ಮರದ ಬೆಂಚು ಬಿಟ್ಟರೆ ಬೇರೇನೂ ಇಲ್ಲ. ಶೌಚಾಲಯವಿಲ್ಲದಿರುವುದು ಹೆಂಗಸರು, ಮಕ್ಕಳೊಂದಿಗೆ ಹೋದವರಿಗೆ ನಿಜಕ್ಕೂ ತೊಂದರೆಯ ವಿಷಯ, ಇದನ್ನು ಅವರು ಬೇಗನೆ ಸರಿಪಡಿಸಬೇಕು.

ಚಕ್ರಗಳ ನೇರವನ್ನು ಸರಿಪಡಿಸುವ ವೀಲ್ ಅಲೈನ್‌ಮೆಂಟಿನ ಯಂತ್ರವೂ ಅಲ್ಲಿಲ್ಲ. ಹೊಸ ಟೈ ರಾಡ್ ಹಾಕಿ, ಚಕ್ರಗಳ ನಡುವಿನ ಅಂತರವನ್ನು ಮುಂದೆ, ಹಿಂದೆ ಟೇಪಿನಲ್ಲಿ ಅಳೆದು ತಾತ್ಕಾಲಿಕವಾಗಿ ಸರಿ ಮಾಡಿ, ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸದೆ ದೂರದ ಪ್ರಯಾಣ ಹೊರಡಬೇಡಿ ಎಂದು ಬಿಲ್ಲಿನ ಮೇಲೆಯೇ ಬರೆದುಕೊಟ್ಟರು. ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗಕ್ಕೆ ಹೋಗಿ ಮಾಡಿಸಿದಾಗ ಯಂತ್ರ ತೋರಿಸಿದ ವ್ಯತ್ಯಾಸ ಬಹಳ ಚಿಕ್ಕದು. ಸ್ಟೇರಿಂಗ್ ಈಗ ಯಾವ ಕಡೆಗೂ ಎಳೆಯುವುದಿಲ್ಲ.

ದೀಪಾವಳಿಯ ನಂತರ ಹೊಡೆದ ಬಣ್ಣದ ಕೆಲಸ ನಯವಾಗಿದೆ. ಮೆಟಾಲಿಕ್ ಬೂದು ಬಣ್ಣವಾದ್ದರಿಂದ ಸಂಜೆಯ ಓರೆ ಬಿಸಿಲಿನಲ್ಲಿ ಫೆಂಡರಿಗೂ ಬಾಗಿಲಿಗೂ ಒಂದಿಷ್ಟು ವ್ಯತ್ಯಾಸ ಕಾಣುತ್ತದೆ. ಇದನ್ನು ಅವರು ಮೊದಲೇ ಹೇಳಿದ್ದರು, ನನಗೆ ತಕರಾರಿಲ್ಲ. ಹೊಸ ಕಾರಿನವರು ಒಪ್ಪಲಿಕ್ಕಿಲ್ಲ. ಏರ್‌ಬ್ಯಾಗ್ ತೆರೆದಿರುವ, ಚಾಸಿ ಬಾಗಿರುವ, ಬಂಪರಿನಲ್ಲಿ ರೇಡಾರ್ ಇರುವ ಕಾರುಗಳನ್ನು ಅವರು ಮುಟ್ಟುವುದಿಲ್ಲ, ಅಂಥವನ್ನು ಕಂಪನಿಯ ವರ್ಕ್‌ಶಾಪಿಗೇ ಕಳುಹಿಸುತ್ತಾರೆ. ಉಳಿದ ಸಣ್ಣಪುಟ್ಟ ಪೆಟ್ಟಿಗೆ ನಾನು ಶಿವಮೊಗ್ಗದಿಂದಲೂ ಈ ಗ್ಯಾರೇಜಿಗೇ ಹೋಗುತ್ತೇನೆ. ಮಳೆ ನಿಂತ ಮೇಲೆ ಬಣ್ಣದ ಕೆಲಸಕ್ಕೆ ಸುತ್ತಲಿನ ಕಾರುಗಳೆಲ್ಲ ಒಟ್ಟಿಗೇ ಬರುವುದರಿಂದ ನವರಾತ್ರಿಯ ಹೊತ್ತಿಗೇ ದಿನ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ಎಳ್ಳಮಾವಾಸ್ಯೆ ಜಾತ್ರೆಯ ದಿನಗಳಲ್ಲಿ ಗ್ಯಾರೇಜು ಮುಚ್ಚಿರುತ್ತದೆ.